ಬರಿದಾಗಿ ಮರಳದ ತಟ್ಟೆ: ಚಿನ್ನದ ಗಣಿಯೂರಿನ ಕ್ರಿಸ್‌ಮಸ್ ಮತ್ತು ಉಪಕಾರದ ಋಣ

ಕೋಲಾರ ಚಿನ್ನದ ಗಣಿ ಪ್ರದೇಶದ, ಅಂದರೆ ಕೆಜಿಎಫ್‌ನ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಅದನ್ನು ಚಿನ್ನದ ತೂಕದಲ್ಲಿ, ಸುರಂಗದ ಆಳದಲ್ಲಿ, ಕಂಪನಿಗಳ ಲಾಭನಷ್ಟದಲ್ಲಿ ಅಳೆದಿದ್ದಾರೆ. ಅಲ್ಲಿ ಬಾಳಿ ಬಂದ ಕುಟುಂಬಗಳಾದರೋ ತಮ್ಮ ಹಳೆಯ ದಿನಗಳನ್ನು ನೆನೆಯುವಾಗ ಕಷ್ಟದಲ್ಲಿ ಯಾರು ಬಾಗಿಲಿಗೆ ಬಂದರು, ಯಾರ ಮನೆಯಿಂದ ಏನು ಬಂತು, ತಮ್ಮಿಂದ ಏನು ಮರಳಿ ಹೋಯಿತು ಎಂಬ ಇನ್ನೊಂದು ಲೆಕ್ಕವನ್ನು ಮುಂದಿಡುತ್ತವೆ. ವರ್ಷದ ಉಳಿದ ತಿಂಗಳುಗಳಲ್ಲಿ ಮನಸ್ಸಿನೊಳಗೇ ಉಳಿಯುವ ಈ ಲೆಕ್ಕ ಡಿಸೆಂಬರ್ ಬಂದಾಗ ತಿಂಡಿಯ ತಟ್ಟೆಗಳಾಗಿ, ಚರ್ಚಿನ ಕಾಣಿಕೆಯ ಲಕೋಟೆಗಳಾಗಿ ಹೊರಗೆ ಕಾಣಿಸಿಕೊಳ್ಳುತ್ತದೆ. ಕೊಟ್ಟವರಿಗೆ ಮರಳಿ ಕೊಡುವ ದಾರಿ ತೆರೆದಿದ್ದಾಗ ಮಾತ್ರ ಪಡೆದವರ ಕೃತಜ್ಞತೆ ತಲೆಯೆತ್ತಿ ನಿಲ್ಲುತ್ತದೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ಈ ಗಣಿಯೂರಿನ ಕ್ರಿಸ್‌ಮಸ್‌ಗಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಈ ಊರುಗಳು ಹುಟ್ಟಿದ ಬಗೆಯನ್ನು ಮೊದಲು ಗಮನಿಸಬೇಕು. ಬೆಂಗಳೂರಿನಿಂದ ಜೋಲಾರ್‌ಪೇಟೆಗೆ ಹೋಗುವ ರೈಲು ಮಾರ್ಗದಲ್ಲಿರುವ ಬಂಗಾರಪೇಟೆ, 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ಹೆಸರಿನಿಂದ ಬೌರಿಂಗ್‌ಪೇಟೆ ಎನಿಸಿಕೊಂಡಿತ್ತು. 1870ರ ದಶಕದಲ್ಲಿ ಮೈಕೆಲ್ ಲವೆಲ್ ಎಂಬ ನಿವೃತ್ತ ಐರಿಷ್ ಸೈನಿಕ ಮೈಸೂರು ಸರ್ಕಾರದಿಂದ ಚಿನ್ನ ಹುಡುಕುವ ಪರವಾನಗಿ ಪಡೆದ ಮೇಲೆ, 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಳ ಆಡಳಿತಕ್ಕೆ ಇಳಿಯಿತು; 1894ರ ಹೊತ್ತಿಗೆ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಕವಲು ಮಾರ್ಗ ಬಂತು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತೂ ಬಂತು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ನುರಿತ ಗಣಿಗಾರರು, ಆಂಗ್ಲೋ ಇಂಡಿಯನ್ ಮೇಲ್ವಿಚಾರಕರು, ಉತ್ತರ ಆರ್ಕಾಟ್ ಕಡೆಯಿಂದ ಹೊಟ್ಟೆಪಾಡಿಗೆ ಬಂದ, ಬಹುಪಾಲು ದಲಿತರಾದ ತಮಿಳು ಕಾರ್ಮಿಕರು, ತೆಲುಗರು, ಸುತ್ತಲಿನ ಹಳ್ಳಿಗಳ ಕನ್ನಡಿಗರು, ಮುಸ್ಲಿಂ ವ್ಯಾಪಾರಿಗಳು ಹೀಗೆ ಎಲ್ಲರೂ ಕೆಲವೇ ಮೈಲಿಗಳ ಹರವಿನಲ್ಲಿ ಸೇರಿಕೊಂಡರು. ಹೀಗಾಗಿ ಕೆಜಿಎಫ್‌ನಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ಆರಂಭದಿಂದಲೂ ಎರಡು ಮನೆಗಳಿದ್ದವು: ಒಂದು ಗುಡ್ಡದ ಮೇಲಿನ ಬಂಗಲೆ, ಇನ್ನೊಂದು ಗಣಿಯ ಬುಡದ ಲೈನು.

ಲೈನು ಎಂದರೆ ಕಾರ್ಮಿಕರಿಗಾಗಿ ಕಂಪನಿ ಕಟ್ಟಿಸಿದ ಒತ್ತೊತ್ತಾದ ಮನೆಗಳ ಸಾಲು. ಹಿಂದಿನ ಕಾಲದಲ್ಲಿ ಅವುಗಳಲ್ಲಿ ಬಹಳಷ್ಟು ಬಿದಿರಿನ ತಟ್ಟಿ ಹೆಣೆದು ನಿಲ್ಲಿಸಿದ ಗುಡಿಸಲುಗಳಾಗಿದ್ದು, ಒಂದು ಕೋಣೆಯಲ್ಲೇ ಇಡೀ ಸಂಸಾರ ನಡೆಯುತ್ತಿತ್ತು. ಪಕ್ಕದ ಮನೆಯ ಮಗು ಕೆಮ್ಮಿದರೆ ಈ ಮನೆಗೆ ಕೇಳಿಸುವಷ್ಟು ತೆಳುವಾದ ಆ ಗೋಡೆಗಳ ನಡುವೆ ಯಾರ ಕಷ್ಟವೂ ಗುಟ್ಟಾಗಿ ಉಳಿಯುತ್ತಿರಲಿಲ್ಲ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು; ಆ ಆಳದಲ್ಲಿ ಒತ್ತಡ ತಡೆಯಲಾರದೆ ಬಂಡೆಯೇ ಸಿಡಿದು ಬೀಳುವ ರಾಕ್ ಬರ್ಸ್ಟ್ ಎಂಬ ಅಪಘಾತ ಯಾವ ಪಾಳಿಯಲ್ಲಿ ಯಾರನ್ನು ಬಲಿ ತೆಗೆದುಕೊಳ್ಳುತ್ತದೆ ಎಂದು ಹೇಳುವಂತಿರಲಿಲ್ಲ. ಅದರಿಂದ ಪಾರಾದವರನ್ನೂ ಕಲ್ಲಿನ ನುಣ್ಣನೆಯ ದೂಳು ಶ್ವಾಸಕೋಶದಲ್ಲಿ ನೆಲೆಯೂರಿ ಉಸಿರನ್ನು ಕ್ರಮೇಣ ಕಟ್ಟಿಹಾಕುವ ಸಿಲಿಕೋಸಿಸ್ ರೋಗ ಕಾಡುತ್ತಿತ್ತು. ಮೈಸೂರು ಸಂಸ್ಥಾನ ಇದಕ್ಕೆಂದೇ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ತಂದಿತೆಂದರೆ ರೋಗದ ಹರವು ಎಷ್ಟಿತ್ತೆಂದು ಊಹಿಸಬಹುದು. ದುಡಿಯುವ ಗಂಡಸು ಹಾಸಿಗೆ ಹಿಡಿದ ಮನೆಗೆ ಕಚೇರಿಯ ಪರಿಹಾರ ಬರುವ ಮೊದಲು ಪಕ್ಕದ ಮನೆಯ ಅಕ್ಕ ಕೊಟ್ಟ ಒಂದು ಸೇರು ಅಕ್ಕಿಯೇ ಬರುತ್ತಿತ್ತು. ಅಲ್ಲಿನ ಔದಾರ್ಯವನ್ನು ಉಳ್ಳವರ ಗುಣವೆಂದು ತಿಳಿದರೆ ತಪ್ಪಾಗುತ್ತದೆ, ಏಕೆಂದರೆ ನಾಳೆ ತನ್ನ ಮನೆಗೂ ಅದೇ ಗತಿ ಬರಬಹುದೆಂದು ಬಲ್ಲವರು ಮಾಡಿಕೊಂಡ, ಬರವಣಿಗೆಯಿಲ್ಲದ ಕರಾರು ಅದು.

ಬಂಗಲೆಗಳ ಕ್ರಿಸ್‌ಮಸ್‌ನಲ್ಲೂ ಕೊಡುಗೆಗಳಿದ್ದವು. ಡಿಸೆಂಬರ್ 26ನ್ನು ಇಂಗ್ಲಿಷರು ಬಾಕ್ಸಿಂಗ್ ಡೇ ಎಂದು ಕರೆಯುತ್ತಾರೆ. ಮನೆಯಾಳುಗಳಿಗೆ, ಅಂಚೆಯವರಿಗೆ, ಹಾಲಿನವರಿಗೆ ಪೆಟ್ಟಿಗೆಯಲ್ಲಿ ಉಡುಗೊರೆಯನ್ನೋ ಹಣವನ್ನೋ ಇಟ್ಟುಕೊಡುವ ಆ ಪದ್ಧತಿ ವಸಾಹತುಗಳಿಗೆ ಬಂದಾಗ ಕ್ರಿಸ್‌ಮಸ್ ಬಕ್ಷೀಸು ಎನಿಸಿಕೊಂಡಿತು. ಬಕ್ಷೀಸು ಪಡೆದ ಅಡುಗೆಯವರೂ ಆಯಾಗಳೂ ಮಾಲಿಗಳೂ ಅದನ್ನು ಸಂತೋಷದಿಂದಲೇ ಸ್ವೀಕರಿಸಿದರು, ಕೊಟ್ಟ ದೊರೆಸಾನಿಯ ಒಳ್ಳೆಯತನವನ್ನು ಮಕ್ಕಳು ಮೊಮ್ಮಕ್ಕಳಿಗೂ ಹೇಳಿದರು, ಅದರಲ್ಲಿ ಸುಳ್ಳಿಲ್ಲ. ಆದರೂ ಆ ಕೊಡುಗೆ ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುತ್ತಿತ್ತು. ಪಡೆದವರು ಕೈಮುಗಿಯಬಹುದಿತ್ತೇ ಹೊರತು ಸಮಾನರಾಗಿ ಮರಳಿಸುವಂತಿರಲಿಲ್ಲ. ಅದೇ ಜನ ತಮ್ಮ ಮರ್ಯಾದೆಗೆ ಕುಂದು ಬಂದಾಗ ಸುಮ್ಮನಿರಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು: ಕಾರ್ಮಿಕರೆಲ್ಲರ ಬೆರಳಚ್ಚು ಪಡೆಯುವ ಕ್ರಮಕ್ಕೆ ಕಂಪನಿ ಮುಂದಾದಾಗ 1930ರಲ್ಲಿ ಅವರು ಗಣಿಗಳ ಕೆಲಸವನ್ನೇ ನಿಲ್ಲಿಸಿ ಮುಷ್ಕರ ಹೂಡಿದರು, ಇತಿಹಾಸಕಾರ್ತಿ ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಕಾರ್ಮಿಕರನ್ನು ಕುರಿತು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಹೋರಾಟಗಳ ಹಿನ್ನೆಲೆ ದೊರೆಯುತ್ತದೆ. ಉಪಕಾರವನ್ನು ನೆನೆಯುವುದೂ ಅನ್ಯಾಯವನ್ನು ಎದುರಿಸುವುದೂ ಆ ಕುಟುಂಬಗಳಲ್ಲಿ ಒಟ್ಟಿಗೇ ಬೆಳೆದ ಗುಣಗಳು.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ಪ್ರಕಟಿಸಿದ, ಉಡುಗೊರೆಯನ್ನು ಕುರಿತ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಕೊಡುವುದು, ಸ್ವೀಕರಿಸುವುದು, ಮರಳಿ ಕೊಡುವುದು ಎಂಬ ಮೂರೂ ಸಮಾಜ ಹೊರಿಸುವ ಕರ್ತವ್ಯಗಳೆಂದು ವಾದಿಸಿದ್ದಾನೆ. ಲೈನುಗಳ ಹೆಂಗಸರಿಗೆ ಈ ಸಿದ್ಧಾಂತ ಓದಿ ತಿಳಿಯಬೇಕಾದದ್ದಾಗಿರಲಿಲ್ಲ, ಏಕೆಂದರೆ ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ, ದಕ್ಷಿಣ ಭಾರತದ ಮನೆಮನೆಯಲ್ಲೂ ಇರುವ ನಿಯಮವನ್ನು ಅವರು ದಿನವೂ ಪಾಲಿಸುತ್ತಿದ್ದರು. ಕೊಡಲು ಬೇರೇನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿಯೇ ಪಾತ್ರೆ ಮರಳುತ್ತಿತ್ತು.

ಈ ನಿಯಮದ ಪೂರ್ಣ ವೈಭವ ಕಾಣುವುದು ಕ್ರಿಸ್‌ಮಸ್ ತಿಂಡಿಗಳಲ್ಲಿ. ಕಲ್‌ಕಲ್ ಎಂಬ ತಿಂಡಿಯನ್ನೇ ನೋಡಬಹುದು: ಮೈದಾ ಹಿಟ್ಟಿಗೆ ಮೊಟ್ಟೆ, ತೆಂಗಿನ ಹಾಲು, ಸಕ್ಕರೆ ಸೇರಿಸಿ ನಾದಿ, ಗೋಲಿಯಷ್ಟು ದೊಡ್ಡ ಉಂಡೆಗಳನ್ನು ಮಾಡಿ, ಒಂದೊಂದನ್ನೂ ಫೋರ್ಕಿನ ಬೆನ್ನಿನ ಮೇಲೋ ಹೊಸ ಬಾಚಣಿಗೆಯ ಮೇಲೋ ಹೆಬ್ಬೆರಳಿನಿಂದ ಒತ್ತಿ ಸುರುಳಿ ಸುತ್ತಿದರೆ ಗೆರೆಗೆರೆಯಾದ ಪುಟ್ಟ ಶಂಖದಂಥ ಆಕಾರ ಬರುತ್ತದೆ, ಅವನ್ನು ಎಣ್ಣೆಯಲ್ಲಿ ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸುತ್ತಾರೆ. ಒಂದು ಡಬ್ಬ ತುಂಬಬೇಕಾದರೆ ನೂರಾರು ಸುರುಳಿ ಬೇಕಾಗುವುದರಿಂದ ಒಬ್ಬರ ಕೈಯಲ್ಲಿ ಮುಗಿಯುವ ಕೆಲಸ ಅದಲ್ಲ. ರಾತ್ರಿ ಊಟವಾದ ಮೇಲೆ ಚಾಪೆ ಹಾಸಿ ಮನೆಯ ಮಕ್ಕಳು, ಅಜ್ಜಿ, ನೆರೆಯ ಹೆಣ್ಣುಮಕ್ಕಳು ಸುತ್ತ ಕುಳಿತು ಸುರುಳಿ ಸುತ್ತಬೇಕು, ಮರುದಿನ ಅವರ ಮನೆಯಲ್ಲಿ ಇವರು ಕೂರಬೇಕು. ತಮಿಳಿನಲ್ಲಿ ಅಚ್ಚು ಮುರುಕ್ಕು, ಇಂಗ್ಲಿಷಿನ ರೂಢಿಯಲ್ಲಿ ರೋಸ್ ಕುಕೀಸ್ ಎನಿಸಿಕೊಂಡ ಇನ್ನೊಂದು ತಿಂಡಿಗೆ ಹೂವಿನಾಕಾರದ ಕಬ್ಬಿಣದ ಅಚ್ಚು ಬೇಕು. ಅಚ್ಚನ್ನು ಕಾದ ಎಣ್ಣೆಯಲ್ಲಿ ಬಿಸಿ ಮಾಡಿ, ಹಿಟ್ಟಿನೊಳಗೆ ಮುಕ್ಕಾಲು ಭಾಗ ಮಾತ್ರ ಅದ್ದಿ, ಮತ್ತೆ ಎಣ್ಣೆಗಿಟ್ಟು ಅಲುಗಿಸಿದರೆ ಹೂವು ಕಳಚಿಕೊಂಡು ತೇಲುತ್ತದೆ. ಅಂಚು ಮೀರಿ ಅದ್ದಿದರೆ ಹಿಟ್ಟು ಮೇಲಿನಿಂದ ಕಚ್ಚಿಕೊಂಡು ಬಿಡುವುದೇ ಇಲ್ಲ. ಹೊಸ ಅಚ್ಚು ಸುಲಭಕ್ಕೆ ಪಳಗದು. ಆದ್ದರಿಂದ ಹಲವು ವರ್ಷ ಎಣ್ಣೆ ಕುಡಿದ ಹಳೆಯ ಅಚ್ಚು ಎರವಲಾಗಿ ಮನೆಯಿಂದ ಮನೆಗೆ ಹೋಗುವುದು ರೂಢಿ, ಹೋದ ಮನೆಯಿಂದ ಮೊದಲ ಹೂಗಳೊಂದಿಗೆ ಮರಳುವುದು ಮರ್ಯಾದೆ.

ಕೇಕಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಚೆರ್ರಿಗಳನ್ನು ಮುಂಚಿತವಾಗಿ ರಮ್ಮಿನಲ್ಲಿ ನೆನೆಹಾಕುವುದನ್ನು ಆಂಗ್ಲೋ ಇಂಡಿಯನ್ ಮನೆಗಳಿಂದ ಉಳಿದವರೂ ಕಲಿತರು, ಆದರೆ ಓವನ್ ಇದ್ದ ಮನೆಗಳು ಕಡಿಮೆ. ಕಲಸಿದ ಹಿಟ್ಟನ್ನು ಟ್ರೇಗಳಲ್ಲಿ ತುಂಬಿ, ಮನೆಯ ಹೆಸರು ಬರೆದ ಚೀಟಿಯನ್ನು ಇಟ್ಟು, ಬೇಕರಿಯ ಸೌದೆ ಒಲೆಗೆ ಕಳಿಸುವುದು ವಾಡಿಕೆಯಾಯಿತು. ಕೆಜಿಎಫ್‌ನಲ್ಲೇ ಹುಟ್ಟಿ ಬೆಳೆದ ಲೇಖಕಿ ಬ್ರಿಜೆಟ್ ವೈಟ್ ಕುಮಾರ್ ಆಂಗ್ಲೋ ಇಂಡಿಯನ್ ಅಡುಗೆಯ ಮೇಲೆ ಹಲವು ಪುಸ್ತಕಗಳನ್ನೂ ಕೆಜಿಎಫ್ ಬದುಕಿನ ಸ್ಮೃತಿಗಳ ಒಂದು ಪುಸ್ತಕವನ್ನೂ ಪ್ರಕಟಿಸಿರುವುದರಿಂದ ಈ ರುಚಿಗಳಿಗೆ ಲಿಖಿತ ದಾಖಲೆ ದಕ್ಕಿದೆ. ಲೈನುಗಳ ತಮಿಳು, ತೆಲುಗು, ಕನ್ನಡ ಕ್ರೈಸ್ತ ಮನೆಗಳ ಅಡುಗೆಗೆ ಅಂಥ ಭಾಗ್ಯ ಅಷ್ಟಾಗಿ ಒದಗಲಿಲ್ಲ.

ತಟ್ಟೆ ಯಾರ ಮನೆಗೆ ಹೋಗುತ್ತದೆ ಎಂಬುದರಲ್ಲಿ ಒಂದು ಕುಟುಂಬದ ವರ್ಷದ ಇತಿಹಾಸವೇ ಅಡಗಿರುತ್ತದೆ. ಮಗುವಿಗೆ ಜ್ವರ ಬಂದಾಗ ಆಸ್ಪತ್ರೆಗೆ ಜೊತೆಗೆ ಬಂದವರು, ಶಾಲೆಯ ಫೀಸಿಗೆ ಕೈಗಡ ಕೊಟ್ಟವರು, ಚೀಟಿ ಎತ್ತುವ ಸರದಿಯನ್ನು ತಮಗಾಗಿ ಬಿಟ್ಟುಕೊಟ್ಟವರು, ಹೀಗೆ ನೆನಪಿನಲ್ಲಿ ಉಳಿದ ಪ್ರತಿ ಮನೆಗೂ ಕಸೂತಿಯ ಬಟ್ಟೆ ಮುಚ್ಚಿದ ತಟ್ಟೆ ಹೋಗುತ್ತದೆ. ದೀಪಾವಳಿಗೆ, ಪೊಂಗಲ್‌ಗೆ, ರಂಜಾನ್‌ಗೆ ಆ ಮನೆಗಳಿಂದ ಬರುವ ತಟ್ಟೆಗಳು ಈ ಋಣವನ್ನು ತೀರಿಸುವ ಬದಲು ಮುಂದುವರಿಸುತ್ತವೆ. ಸಾವು ಸಂಭವಿಸಿದ ಮನೆಯಲ್ಲಿ ಆ ವರ್ಷ ಎಣ್ಣೆ ಬಾಣಲೆ ಇಡುವುದಿಲ್ಲ, ಹೊಸ ಬಟ್ಟೆ ತರುವುದಿಲ್ಲ, ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟುವುದಿಲ್ಲ. ಅಂಥ ಮನೆಗೆ ಸಾಲಿನ ಉಳಿದವರೆಲ್ಲ ತಿಂಡಿ ತಂದುಕೊಡುತ್ತಾರೆ, ಆ ಒಂದು ವರ್ಷ ಮಾತ್ರ ತಟ್ಟೆ ಬರಿದಾಗಿ ಮರಳಿದರೂ ಯಾರೂ ತಪ್ಪೆಣಿಸುವುದಿಲ್ಲ. ಮುಂದಿನ ಕ್ರಿಸ್‌ಮಸ್‌ಗೆ ಆ ಮನೆಯ ವಿಧವೆ ಎಲ್ಲರಿಗಿಂತ ಮೊದಲು ತಟ್ಟೆಗಳನ್ನು ತುಂಬಿ ಕಳಿಸುವುದರಲ್ಲಿ ಇರುವ ಕೃತಜ್ಞತೆಯನ್ನು ಯಾವ ಭಾಷಣವೂ ಹಿಡಿದಿಡಲಾರದು. ದುಃಖದಲ್ಲಿರುವವರನ್ನು ಸಾಲಗಾರರಂತೆ ಕಾಣದ ಈ ಸೂಕ್ಷ್ಮತೆಯೇ ಲೈನುಗಳ ಸಂಸ್ಕೃತಿಯ ಅತ್ಯಂತ ಎತ್ತರದ ಅಂಶ.

ಬಂಗಾರಪೇಟೆಯ ಕಡೆಗೆ ಬಂದರೆ ಹಬ್ಬದ ಭಾಷೆ ಹೆಚ್ಚಾಗಿ ಕನ್ನಡಕ್ಕೆ ತಿರುಗುತ್ತದೆ, ಕೃತಜ್ಞತೆಯ ಚರಿತ್ರೆಯೂ ಬೇರೆಯಾಗುತ್ತದೆ. 1876ರಿಂದ 1878ರವರೆಗಿನ ಮಹಾಕ್ಷಾಮ ಮೈಸೂರು ಸಂಸ್ಥಾನವನ್ನು ಹಿಂಡಿದಾಗ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಅನಾಥ ಮಕ್ಕಳನ್ನು ಸಾಕಿದರು. ಆ ಸೇವಾಕಾರ್ಯವನ್ನು ಮುಂದೆ ಅಮೆರಿಕದ ಮೆಥೊಡಿಸ್ಟ್ ಮಿಷನ್ ವಹಿಸಿಕೊಂಡಿತು, 1910ರಲ್ಲಿ ಅದೇ ಮಿಷನ್ನಿನಿಂದ ಕೋಲಾರದ ಇಟಿಸಿಎಂ ಆಸ್ಪತ್ರೆಯೂ ಆರಂಭವಾಯಿತು. ಕ್ಷಾಮದಲ್ಲಿ ಬದುಕುಳಿದ ಮಕ್ಕಳ ಸಂತತಿಗೆ ಉಪಕಾರವೆಂಬುದು ಹಬ್ಬದ ಸೌಜನ್ಯಕ್ಕಿಂತ ಬಹಳ ದೊಡ್ಡದು, ಅದು ತಮ್ಮ ಇರವಿಗೇ ಕಾರಣವಾದ ಸಂಗತಿ. ಈ ಭಾಗದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಸ್ತೋತ್ರ ಕಾಣಿಕೆ ಎಂಬ ಪದ್ಧತಿಯುಂಟು: ದೇವರಿಗೆ ಕೃತಜ್ಞತೆ ಸಲ್ಲಿಸಲು ಕುಟುಂಬವೊಂದು ಲಕೋಟೆಯಲ್ಲಿ ತನ್ನ ಶಕ್ತಿಯಷ್ಟು ಹಣವಿಟ್ಟು, ಹೊರಗೆ ಹೆಸರನ್ನೂ ಕಾರಣವನ್ನೂ ಬರೆದು ಕೊಡುತ್ತದೆ, ಸಭಾಪಾಲಕರು, ಅಂದರೆ ಆ ಚರ್ಚಿನ ಪಾದ್ರಿಗಳು, ಅದನ್ನು ಓದಿ ಪ್ರಾರ್ಥಿಸುತ್ತಾರೆ. ಹೆರಿಗೆ ಸುಸೂತ್ರವಾದದ್ದಕ್ಕೆ, ಆಪರೇಷನ್ ಸಫಲವಾದದ್ದಕ್ಕೆ, ಮಗನಿಗೆ ಕೆಲಸ ಸಿಕ್ಕಿದ್ದಕ್ಕೆ ಎಂಬ ಆ ಒಂದೊಂದು ಸಾಲು ಇಡೀ ಸಭೆಯ ಕಿವಿಗೆ ಬೀಳುವುದರಿಂದ, ಸಹಾಯ ಮಾಡಿದ ನೆರೆಯವರಿಗೂ ಅಲ್ಲಿಯೇ ಮೌನವಾಗಿ ವಂದನೆ ಸಂದಂತಾಗುತ್ತದೆ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ತಾತನ ವೇಷದವನನ್ನು ಮುಂದಿಟ್ಟುಕೊಂಡು ಮನೆಮನೆಗೆ ಹಾಡಲು ಹೊರಡುವ ಕ್ಯಾರಲ್ ತಂಡಗಳಿಗೆ ಸಿಕ್ಕ ಹಣದಲ್ಲಿ ಬಡವರಿಗೆ ಸೀರೆಯನ್ನೋ ಅಕ್ಕಿಯನ್ನೋ ಕೊಡುವುದೂ ಹಲವೆಡೆ ನಡೆದುಕೊಂಡು ಬಂದಿದೆ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು, 2001ರ ಫೆಬ್ರುವರಿ 28ರಂದು ಗಣಿಗಾರಿಕೆ ನಿಂತುಹೋಯಿತು. ಆಮೇಲಿನ ಕ್ರಿಸ್‌ಮಸ್‌ಗಳಲ್ಲಿ ತಟ್ಟೆ ಕಳಿಸುವವರ ಕೈಯಲ್ಲೇ ಹಣವಿರಲಿಲ್ಲ. ಮುಂಜಾನೆ ಕತ್ತಲಲ್ಲೇ ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆಯ ಮೂಲಕ ಬೆಂಗಳೂರು ಸೇರುವ ರೈಲುಗಳು ಆಗ ಊರಿನ ಜೀವನಾಡಿಯಾದವು; ಸಾವಿರಾರು ಜನ ನಿತ್ಯ ಹೋಗಿ ಬರುವ ಆ ಡಬ್ಬಿಗಳಲ್ಲಿ ಯಾವ ಕಾರ್ಖಾನೆಯಲ್ಲಿ ಕೆಲಸ ಖಾಲಿಯಿದೆ ಎಂಬ ಸುದ್ದಿಯನ್ನು ಹೇಳಿ ಒಬ್ಬರನ್ನೊಬ್ಬರು ಕೈಹಿಡಿದವರು ಅದೇ ಲೈನುಗಳ ಅಣ್ಣಂದಿರು. ಒಂದು ಕಾಲದಲ್ಲಿ ಇಲ್ಲಿನ ಸಂಬಳದ ಒಂದು ಪಾಲು ಕಾರ್ನ್‌ವಾಲಿನ ಗಣಿಗಾರರ ಹೆಂಡತಿ ಮಕ್ಕಳಿಗೆ ಹಡಗಿನಲ್ಲಿ ಹೋಗುತ್ತಿತ್ತು. ಈಗ ಬೆಂಗಳೂರಿನಿಂದ, ಆಸ್ಟ್ರೇಲಿಯಾದಿಂದ, ಇಂಗ್ಲೆಂಡಿನಿಂದ ಹಣ ಇತ್ತ ಬರುತ್ತದೆ, ಚರ್ಚಿನ ಸುಣ್ಣಬಣ್ಣಕ್ಕೆ, ಹಳೆಯ ಶಾಲೆಗೆ, ಒಂಟಿಯಾಗಿ ಉಳಿದ ಮುದುಕಿಯ ಔಷಧಿಗೆ. ಕಳಿಸುವವರಲ್ಲಿ ಬಹಳ ಮಂದಿ ಇದನ್ನು ದಾನವೆಂದು ಕರೆಯಲು ಒಪ್ಪುವುದಿಲ್ಲ, ಹಿಂದೆ ತಮ್ಮ ಮನೆಗೆ ಬಂದದ್ದನ್ನು ಮರಳಿಸುತ್ತಿದ್ದೇವೆ ಎಂದೇ ಭಾವಿಸುತ್ತಾರೆ.

ಹೊರಗಿನ ಸಮಾಜ ಮಾತ್ರ ಈ ಕುಟುಂಬಗಳಿಗೆ ಅಷ್ಟು ಕೃತಜ್ಞವಾಗಿ ನಡೆದುಕೊಂಡಿಲ್ಲ. 800 ಟನ್ನಿಗೂ ಮಿಗಿಲಾದ ಚಿನ್ನವನ್ನು ಮೇಲೆತ್ತಿದ ಜನರ ಮಕ್ಕಳು ವಾಸದ ಮನೆಯ ಹಕ್ಕಿಗಾಗಿ, ಬಾಕಿ ಹಣಕ್ಕಾಗಿ ವರ್ಷಗಟ್ಟಲೆ ಅಲೆದಿದ್ದಾರೆ. ಆ ಬೇಡಿಕೆಗಳ ಇತ್ಯರ್ಥ ಸರ್ಕಾರದ ಹೊಣೆ. ಲೇಖಕರೂ ಸಂಶೋಧಕರೂ ಮಾಡಬಹುದಾದ ಕೆಲಸ ಬೇರೆಯಿದೆ: ಭೂಮಿಯೊಳಗೆ ದುಡಿದ ಕೊನೆಯ ತಲೆಮಾರು ಮುಪ್ಪಿನಲ್ಲಿರುವಾಗಲೇ ಆ ಮನೆಗಳ ಹಿರಿಯರನ್ನು ಕೂರಿಸಿ, ಯಾವ ವರ್ಷದ ಕಷ್ಟಕ್ಕೆ ಯಾರು ನೆರವಾದರು, ಯಾರ ಅಚ್ಚಿನಲ್ಲಿ ಎಷ್ಟು ಮನೆಗಳ ಹಬ್ಬ ನಡೆಯಿತು ಎಂಬುದನ್ನು ಅವರ ಮಾತಿನಲ್ಲೇ, ತಮಿಳಾಗಲಿ ತೆಲುಗಾಗಲಿ ಕನ್ನಡವಾಗಲಿ, ಬರೆದಿಟ್ಟುಕೊಳ್ಳುವುದು, ಚರ್ಚುಗಳಲ್ಲಿ ಹಳೆಯ ಕಾಣಿಕೆ ಪುಸ್ತಕಗಳು ಉಳಿದಿದ್ದರೆ ಗೆದ್ದಲಿಗೆ ಬಿಡದೆ ಕಾಪಾಡುವುದು.