ಗಡಿಯರಿಯದ ಕಾಡು

ಧಾರವಾಡ ಜಿಲ್ಲೆಯ ಅಳ್ನಾವರದಿಂದ ಕವಲೊಡೆಯುವ ರೈಲುಮಾರ್ಗವೊಂದು ಹೊಲಗದ್ದೆಗಳನ್ನೂ ಕಾಡನ್ನೂ ದಾಟಿ ದಾಂಡೇಲಿಯ ಅಂಬೇವಾಡಿಯನ್ನು ಬಂದು ಸೇರುತ್ತದೆ. ಒಂದು ಕಾಲದಲ್ಲಿ ಈ ಸೀಮೆಯ ಮರಮುಟ್ಟುಗಳು ಇದೇ ಮಾರ್ಗವಾಗಿ ದೂರದ ಊರುಗಳಿಗೆ ಸಾಗುತ್ತಿದ್ದವು. ಅಂಬೇವಾಡಿಯನ್ನು ನಡುವಿರಿಸಿಕೊಂಡು ಭೂಪಟವನ್ನು ನೋಡಿದರೆ ಈ ನಾಡಿನ ಸ್ವರೂಪವು ಸ್ಪಷ್ಟವಾಗುತ್ತದೆ. ಒಂದು ಕಡೆ ಹಳಿಯಾಳದ ಭತ್ತ, ಕಬ್ಬು, ಮೆಕ್ಕೆಜೋಳದ ಹೊಲಗಳು. ಇನ್ನೊಂದು ಕಡೆ ಜೋಯಿಡಾದ ದಟ್ಟವಾದ ಘಟ್ಟದ ಕಾಡು. ಪೂರ್ವಕ್ಕೆ ಮುಂಡಗೋಡದ ಎಲೆಯುದುರುವ ಕಾಡು ಮತ್ತು ಕೆರೆಗಳು. ಇವುಗಳ ನಡುವೆ ಕಾಳಿ ನದಿ. ನಿಸರ್ಗವು ಇದನ್ನೆಲ್ಲ ಒಂದೇ ಬಟ್ಟೆಯಂತೆ ನೇಯ್ದಿದೆ. ಇದನ್ನು ತುಂಡುತುಂಡಾಗಿ ಕತ್ತರಿಸಿ ಬೇರೆ ಬೇರೆ ಹೆಸರಿಟ್ಟವನು ಮನುಷ್ಯ.

ಹೀಗೆ ಹಂಚಿಹೋಗಿರುವ ಈ ಕಾಡಿನ ರಕ್ಷಕರು ಯಾರು? ಉತ್ತರವು ನಾವು ಎಣಿಸಿದಷ್ಟು ಸುಲಭವಲ್ಲ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನವು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಆಡಳಿತಕ್ಕೆ ಒಳಪಟ್ಟಿವೆ. ಅದರ ಹೊರಗಿನ ಕಾಡಿನಲ್ಲಿ ಬಹುಭಾಗವು ಹಳಿಯಾಳ ಅರಣ್ಯ ವಿಭಾಗದ್ದು. ಮುಂಡಗೋಡದ ಕಾಡು ಯಲ್ಲಾಪುರ ವಿಭಾಗಕ್ಕೆ ಸೇರಿದ್ದು. ಉತ್ತರಕ್ಕೆ ಸಾಗಿದರೆ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ, 2011ರಲ್ಲಿ ಘೋಷಿತವಾದ ಭೀಮಗಡ ಅಭಯಾರಣ್ಯವಿದೆ. ಪಶ್ಚಿಮಕ್ಕೆ ಇಳಿದರೆ ಗೋವಾ ರಾಜ್ಯ. ಅಲ್ಲಿ ಮಹದಾಯಿ, ಮೊಲೆಂ, ನೇತ್ರಾವಳಿ, ಕೋಟಿಗಾವ್ ಎಂಬ ರಕ್ಷಿತಾರಣ್ಯಗಳು ಸಾಲಾಗಿ ನಿಂತಿವೆ. ಇನ್ನೂ ಉತ್ತರಕ್ಕೆ ಮಹಾರಾಷ್ಟ್ರ. ಇಷ್ಟೇ ಅಲ್ಲ, ನದಿಗೆ ಕಟ್ಟಿದ ಅಣೆಕಟ್ಟುಗಳು ವಿದ್ಯುತ್ ನಿಗಮದ ವಶದಲ್ಲಿವೆ, ರಸ್ತೆಗಳು ಲೋಕೋಪಯೋಗಿ ಮತ್ತು ಹೆದ್ದಾರಿ ಇಲಾಖೆಗಳ ವಶದಲ್ಲಿವೆ, ಹಳಿಗಳು ರೈಲ್ವೆಯವು, ಹೊಲಗಳ ಲೆಕ್ಕ ಕಂದಾಯ ಇಲಾಖೆಯದು. ಕಾಡು ಒಂದೇ, ಯಜಮಾನರು ಹಲವರು.

ಈ ಗಡಿಗಳು ಬಹು ಪುರಾತನವೆಂದು ಯಾರೂ ಭಾವಿಸಬೇಕಾಗಿಲ್ಲ. ದಾಂಡೇಲಿಯ ಅಭಯಾರಣ್ಯವು 1956ರ ಮೇ ತಿಂಗಳಲ್ಲಿ ಘೋಷಿತವಾದಾಗ ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ರಾಜ್ಯದ ಭಾಗವಾಗಿತ್ತು. ಅದೇ ವರ್ಷದ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಜಿಲ್ಲೆಯು ಅಂದಿನ ಮೈಸೂರು ರಾಜ್ಯಕ್ಕೆ ಬಂದಿತು. ಘಟ್ಟದ ಕೆಳಗಿನ ಗೋವಾ 1961ರ ಡಿಸೆಂಬರ್‌ವರೆಗೂ ಪೋರ್ಚುಗೀಸರ ಆಳ್ವಿಕೆಯಲ್ಲಿತ್ತು. ಕ್ಯಾಸಲ್‌ರಾಕ್ ಆಗ ಎರಡು ದೇಶಗಳ ಗಡಿಯ ನಿಲ್ದಾಣ. ಹೀಗೆ ಒಂದು ಮರದ ಆಯುಷ್ಯದಲ್ಲಿಯೇ ಗಡಿಗಳು ಹಲವು ಸಲ ಬದಲಾದವು. ಮರ ಮಾತ್ರ ನಿಂತಲ್ಲಿಯೇ ನಿಂತಿತ್ತು.

ನಿಂತ ಮರಕ್ಕೆ ಗಡಿಯ ತೊಂದರೆ ಕಡಿಮೆ. ನಡೆಯುವ ಪ್ರಾಣಿಗೆ ಹೆಚ್ಚು. ಭತ್ತ ಹಾಲುಗಟ್ಟಿ ತೆನೆ ಬಾಗುವ ಕಾಲಕ್ಕೆ ಆನೆಗಳ ಹಿಂಡು ದಾಂಡೇಲಿಯ ಕಾಡಿನಿಂದ ಹೊರಟು ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಗೆ ಸಾಗುವುದು ಈ ಸೀಮೆಯ ರೈತರಿಗೆ ತಿಳಿದ ವಿಷಯ. ಹಿಂಡನ್ನು ನಡೆಸುವ ಹಿರಿಯ ಹೆಣ್ಣಾನೆಗೆ ಹಳೆಯ ದಾರಿ, ನೀರಿನ ನೆಲೆ, ಬಿದಿರಿನ ಮೆಳೆ ಇವುಗಳ ನೆನಪು ಇರುತ್ತದೆಯೇ ಹೊರತು ವಿಭಾಗಗಳ ಕಲ್ಲುಕಂಬಗಳ ಪರಿಚಯವಿರುವುದಿಲ್ಲ. 2002ರಲ್ಲಿ ಕರ್ನಾಟಕದ ಕಾಡಿನಿಂದ ಹೊರಟ ಒಂದು ಹಿಂಡು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯನ್ನು ಪ್ರವೇಶಿಸಿತು. ಆನೆಯನ್ನು ಕಂಡರಿಯದ ಅಲ್ಲಿನ ರೈತರು ತೆಂಗು, ಬಾಳೆ ತೋಟಗಳು ನೆಲಕಚ್ಚಿದುದನ್ನು ಕಂಡು ದಿಗ್ಭ್ರಾಂತರಾದರು. ಆನೆಯೊಡನೆ ಬಾಳಿದ ಅನುಭವವು ಗಡಿಯ ಈಚೆಗೆ ಉಳಿಯಿತು. ಆನೆ ಮಾತ್ರ ಗಡಿಯನ್ನು ದಾಟಿತು.

ಹುಲಿಯ ಕಥೆಯೂ ಇದೇ ಬಗೆಯದು. ಕಾಡಿನಲ್ಲಿ ಮರಗಳಿಗೆ ಕಟ್ಟಿದ ಸ್ವಯಂಚಾಲಿತ ಕ್ಯಾಮರಾಗಳು ಹುಲಿಯ ಚಿತ್ರವನ್ನು ತೆಗೆಯುತ್ತವೆ. ಮನುಷ್ಯರ ಬೆರಳಚ್ಚಿನಂತೆ ಪ್ರತಿಯೊಂದು ಹುಲಿಯ ಪಟ್ಟೆಯೂ ಬೇರೆ. ಆದುದರಿಂದ ಒಂದೇ ಹುಲಿಯನ್ನು ಎಲ್ಲಿ ಕಂಡರೂ ಗುರುತಿಸಬಹುದು. 2018ರಲ್ಲಿ ಮಹಾರಾಷ್ಟ್ರದ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಚಿತ್ರಿತವಾದ ಗಂಡುಹುಲಿಯೊಂದು 2020ರಲ್ಲಿ ಕಾಳಿಯ ಕಾಡಿನಲ್ಲಿ ಕಾಣಿಸಿಕೊಂಡಿತು. ಈ ಎರಡು ತಾಣಗಳ ನಡುವಣ ದೂರ ಸುಮಾರು 200 ಕಿಲೋಮೀಟರು. ಇಷ್ಟು ದೂರವನ್ನು ಅದು ಕ್ರಮಿಸಿತೆಂದರೆ ನಡುವೆ ಇನ್ನೂ ದಾರಿ ಉಳಿದಿದೆಯೆಂದು ಅರ್ಥ. ಆದರೆ ಅದೇ 2020ರ ಜನವರಿಯಲ್ಲಿ ಗೋವಾದ ಮಹದಾಯಿ ಅಭಯಾರಣ್ಯದಲ್ಲಿ ಒಂದು ತಾಯಿಹುಲಿ ಮತ್ತು ಅದರ ಮೂರು ಮರಿಗಳು ವಿಷಪ್ರಾಶನದಿಂದ ಸತ್ತು ಬಿದ್ದುದು ಬೆಳಕಿಗೆ ಬಂದಿತು. ಸಾಕುದನವನ್ನು ಕಳೆದುಕೊಂಡ ಬಡವನ ಸಂಕಟವು ನಿಜ. ನಾಲ್ಕು ಹುಲಿಗಳ ನಾಶವೂ ಅಷ್ಟೇ ನಿಜ. ಒಂದು ಕಡೆ ಎಷ್ಟೇ ಕಾಪಾಡಿದರೂ, ಪಕ್ಕದ ಕಾಡಿನಲ್ಲಿ ದನಕ್ಕೆ ಸಕಾಲದಲ್ಲಿ ಪರಿಹಾರವೂ ಹುಲಿಗೆ ರಕ್ಷಣೆಯೂ ದೊರೆಯದಿದ್ದರೆ ಇಬ್ಬರಿಗೂ ಹಾನಿ ತಪ್ಪದೆಂಬುದನ್ನು ಈ ಪ್ರಸಂಗವು ತೋರಿಸಿಕೊಟ್ಟಿತು. 2023ರ ಜುಲೈಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಗೋವಾ ಪೀಠವು ಈ ಅರಣ್ಯಗಳನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸುವಂತೆ ಆದೇಶಿಸಿತು. ಗೋವಾ ಸರ್ಕಾರವು ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು.

ಪ್ರಾಣಿಗಳಂತೆ ನೀರಿಗೂ ಗಡಿಯಿಲ್ಲ. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿಯು ಸುಮಾರು 184 ಕಿಲೋಮೀಟರು ಹರಿದು ಕಾರವಾರದ ಹತ್ತಿರ ಕಡಲನ್ನು ಸೇರುತ್ತದೆ. ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾಗಳಲ್ಲಿ ಅದಕ್ಕೆ ಅಣೆಕಟ್ಟುಗಳಿವೆ. ಸೂಪಾ ಎಂಬ ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು; ತಾಲೂಕಿನ ಕೇಂದ್ರವು ಜೋಯಿಡಾಕ್ಕೆ ಬಂದಿತು. ಮೇಲಿನ ಕಾಡು ದಟ್ಟವಾಗಿದ್ದರೆ ಮಳೆಯ ನೀರು ಮಣ್ಣಿನಲ್ಲಿ ಇಂಗಿ ಬೇಸಗೆಯಲ್ಲಿ ಹಳ್ಳವಾಗಿ ಹರಿಯುತ್ತದೆ. ಕಾಡು ಬೋಳಾದರೆ ನೀರಿನೊಡನೆ ಮಣ್ಣೂ ಕೊಚ್ಚಿಬಂದು ಜಲಾಶಯದ ತಳವನ್ನು ತುಂಬುತ್ತದೆ. 2019ರ ಆಗಸ್ಟ್‌ನಲ್ಲಿ ಭಾರಿ ಮಳೆಯಾಗಿ ಕದ್ರಾದಿಂದ ನೀರನ್ನು ಹೊರಬಿಟ್ಟಾಗ ಕೆಳಗಿನ ಹಳ್ಳಿಗಳು ಜಲಾವೃತವಾದವು. ಅಣೆಕಟ್ಟನ್ನು ನೋಡಿಕೊಳ್ಳುವವರು, ಕಾಡನ್ನು ಕಾಯುವವರು, ಹಳ್ಳಿಯ ಸುರಕ್ಷತೆಯ ಹೊಣೆ ಹೊತ್ತವರು ಒಬ್ಬರೊಡನೊಬ್ಬರು ಮೊದಲೇ ಮಾತನಾಡಿಕೊಳ್ಳುವುದು ಎಷ್ಟು ಅಗತ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಂದು ಈ ಅಗತ್ಯವು ಹೆಚ್ಚಾಗಿರುವುದಕ್ಕೆ ವಾಯುಗುಣದ ಬದಲಾವಣೆಯು ಮುಖ್ಯ ಕಾರಣ. ಕಲ್ಲಿದ್ದಲು, ಪೆಟ್ರೋಲುಗಳನ್ನು ಉರಿಸುವುದರಿಂದ ಸೇರುವ ಅನಿಲಗಳು ಭೂಮಿಯ ಶಾಖವನ್ನು ಹಿಡಿದಿಡುತ್ತವೆ. ಗಾಳಿಯು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಆದುದರಿಂದ ಮಳೆಯು ಬಂದಾಗ ಒಮ್ಮೆಲೇ ಸುರಿಯುತ್ತದೆ. ಬಾರದಿದ್ದಾಗ ನೆಲ ಬೇಗನೆ ಒಣಗುತ್ತದೆ. 2021ರ ಜುಲೈ ಮಳೆಗೆ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವು ಕುಸಿದು ಮನೆ, ತೋಟಗಳು ಹಾಳಾದವು. ಎರಡೇ ವರ್ಷಗಳ ತರುವಾಯ, 2023ರಲ್ಲಿ, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಇಂತಹ ವರ್ಷದಲ್ಲಿ ಹಳ್ಳ ಬತ್ತಿದರೆ ಪ್ರಾಣಿಗಳು ನೀರಿದ್ದ ಕಡೆಗೆ ಹೋಗಲೇಬೇಕು. ದಾರಿಯು ಮುಚ್ಚಿದ್ದರೆ ಅವು ಊರೊಳಗೆ ನುಗ್ಗುತ್ತವೆ, ಇಲ್ಲವೇ ಸಾಯುತ್ತವೆ.

ಪ್ರಾಣಿಗಳಷ್ಟೇ ಏಕೆ, ವಾಯುಗುಣವು ಬದಲಾದಾಗ ಮರಗಳೂ ಸಂಚರಿಸಬೇಕಾಗುತ್ತದೆ! ಮರವು ತಾನು ನಡೆಯಲಾರದು. ಆದರೆ ಅದರ ಬೀಜವು ತನಗೆ ಒಗ್ಗುವ ತಂಪಿನ ತಾಣವನ್ನು ಸೇರಬಲ್ಲದು. ಆ ಬೀಜವನ್ನು ಹೊರುವ ಕೂಲಿಯಾಳುಗಳಲ್ಲಿ ಮಂಗಟ್ಟೆ ಹಕ್ಕಿಯು ಪ್ರಮುಖವಾದುದು. ದಾಂಡೇಲಿಯ ಸುತ್ತಮುತ್ತ ಈ ಹಕ್ಕಿಯ ನಾಲ್ಕು ಜಾತಿಗಳಿವೆ. ಅವು ಆಲ, ಅತ್ತಿಗಳ ಹಣ್ಣನ್ನು ತಿಂದು ದೂರದೂರ ಬೀಜವನ್ನು ಬೀರುತ್ತವೆ. ಅವುಗಳಿಗಾಗಿಯೇ 2011ರಲ್ಲಿ ಕಾಳಿಯ ದಂಡೆಯ ಕಾಡನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಲಾಯಿತು. ಕಾಡು ನಡುನಡುವೆ ಕಡಿದುಹೋದರೆ ಹಕ್ಕಿ ಹಾರುವುದಿಲ್ಲ. ಹಕ್ಕಿ ಹಾರದಿದ್ದರೆ ಮರವೂ ಮುಂದಕ್ಕೆ ಸಾಗಲಾರದು.

ಹಾಗಾದರೆ ಈ ದಿಕ್ಕಿನಲ್ಲಿ ಏನೂ ನಡೆದಿಲ್ಲವೇ? ನಡೆದಿದೆ. 1976ರ ಸಂವಿಧಾನ ತಿದ್ದುಪಡಿಯಿಂದ ಅರಣ್ಯವು ಕೇಂದ್ರ ಮತ್ತು ರಾಜ್ಯಗಳೆರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಸೇರಿತು. 1972ರ ವನ್ಯಜೀವಿ ಕಾಯಿದೆಗೆ 2006ರಲ್ಲಿ ತಂದ ತಿದ್ದುಪಡಿಯು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವನ್ನು ಸ್ಥಾಪಿಸಿತಲ್ಲದೆ, ಒಂದು ಹುಲಿ ತಾಣವನ್ನು ಇನ್ನೊಂದಕ್ಕೆ ಜೋಡಿಸುವ ನೆಲದ ಬಗೆಗೂ ಯೋಜನೆ ಇರಬೇಕೆಂದು ವಿಧಿಸಿತು. 2007ರಲ್ಲಿ ದಾಂಡೇಲಿ ಮತ್ತು ಅಣಶಿಗಳು ಒಂದೇ ಹುಲಿ ಸಂರಕ್ಷಿತ ಪ್ರದೇಶವಾದವು; 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂದಿತು. ಅದೇ ವರ್ಷ ಹಲವು ವಿಭಾಗಗಳ ಕಾಡನ್ನು ಕೂಡಿಸಿ ದಾಂಡೇಲಿ ಆನೆ ಮೀಸಲು ಪ್ರದೇಶವನ್ನು ಘೋಷಿಸಲಾಯಿತು. 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತಿನೈಘಾಟ್, ಕ್ಯಾಸಲ್‌ರಾಕ್, ಕುಲೆಂ ನಡುವೆ ಎರಡನೆಯ ಹಳಿ ಹಾಕಲು ದೊರೆತಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ರದ್ದುಗೊಳಿಸಿತು. ಒಂದು ಇಲಾಖೆಯ ಅನುಕೂಲವನ್ನು ಎರಡು ರಾಜ್ಯಗಳ ಕಾಡಿನ ಹಿತದೊಡನೆ ತೂಗಿನೋಡಬೇಕೆಂಬ ಪಾಠವು ಇದರಲ್ಲಿದೆ.

ಆದರೆ ಕಾಗದದ ಮೇಲಿನ ಕೂಡಿಕೆ ಬೇರೆ, ಕೆಲಸದ ಕೂಡಿಕೆ ಬೇರೆ. ನಮ್ಮ ರಾಜ್ಯದ ದಕ್ಷಿಣ ಗಡಿಯಲ್ಲಿ ನಡೆದ ಘಟನೆಯೊಂದನ್ನು ನೋಡೋಣ. ಹಾಸನ ಜಿಲ್ಲೆಯಲ್ಲಿ ಹಿಡಿದು, ಕೊರಳಿಗೆ ರೇಡಿಯೊ ಪಟ್ಟಿ ತೊಡಿಸಿ, ಬಂಡೀಪುರದ ಕಾಡಿಗೆ ಬಿಟ್ಟಿದ್ದ ಆನೆಯೊಂದು ಕೇರಳದ ವಯನಾಡನ್ನು ಹೊಕ್ಕು 2024ರ ಫೆಬ್ರವರಿ 10ರಂದು ಒಬ್ಬ ರೈತನನ್ನು ಕೊಂದಿತು. ಪಟ್ಟಿಯ ಸಂಕೇತವು ಗಡಿಯಾಚೆಗೆ ಸಕಾಲದಲ್ಲಿ ತಲುಪಿತೇ ಎಂಬ ಬಗ್ಗೆ ತೀವ್ರ ವಿವಾದವೆದ್ದಿತು. ಒಂದು ತಿಂಗಳ ತರುವಾಯ, ಮಾರ್ಚ್ 10ರಂದು, ಬಂಡೀಪುರದಲ್ಲಿ ನೆರೆರಾಜ್ಯಗಳವರು ಸೇರಿ ಮಾಹಿತಿಯನ್ನು ಹಂಚಿಕೊಳ್ಳಲು ಒಡಂಬಡಿಕೆ ಮಾಡಿಕೊಂಡರು. ಒಂದು ಜೀವ ಹೋದ ಮೇಲೆ ಆದ ಮಾತುಕತೆಯು ಮೊದಲೇ ಆಗಬಾರದಿತ್ತೇ?

ಇದು ನಮ್ಮ ದೇಶದ ಸಮಸ್ಯೆ ಮಾತ್ರವಲ್ಲ. ಕೆನಡಾದಲ್ಲಿ 1991ರಲ್ಲಿ ಒಂದು ಹೆಣ್ಣುತೋಳಕ್ಕೆ ರೇಡಿಯೊ ಪಟ್ಟಿ ತೊಡಿಸಲಾಯಿತು. ಅದು ಎರಡು ವರ್ಷಗಳಲ್ಲಿ ಎರಡು ದೇಶಗಳ ಹಲವು ಪ್ರಾಂತಗಳನ್ನು ಸುತ್ತಿತು. ಅದರ ಜಾಡನ್ನು ಕಂಡ ವಿಜ್ಞಾನಿಗಳಿಗೆ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನವೂ ಒಂದು ತೋಳಕ್ಕೆ ಸಾಲದೆಂಬುದು ಮನವರಿಕೆಯಾಯಿತು. ಯೆಲ್ಲೊಸ್ಟೋನ್‌ನಿಂದ ಯೂಕಾನ್‌ವರೆಗಿನ ಪರ್ವತಶ್ರೇಣಿಯನ್ನು ಒಂದೇ ಭೂಭಾಗವೆಂದು ಕಾಣುವ ಪ್ರಯತ್ನವು ಹೀಗೆ ಮೊಳೆಯಿತು. ಸರ್ಕಾರಗಳು, ಮೂಲನಿವಾಸಿಗಳು, ಜಮೀನುದಾರರು ಅದರಲ್ಲಿ ಕೈಗೂಡಿಸಿದ್ದಾರೆ.

ಈ ಕೂಡುಕೆಲಸದಲ್ಲಿ ನಮ್ಮ ಹಳ್ಳಿಗರ ಸ್ಥಾನವೇನು? ಜೋಯಿಡಾದ ಕುಣಬಿಯರು, ಕಾಡಂಚಿನ ಗೌಳಿಗರು, ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿಯರು ತಲೆಮಾರುಗಳಿಂದ ಈ ಕಾಡಿನೊಡನೆ ಬಾಳಿದವರು. ಕುಣಬಿಯರು ಬೆಳೆಯುವ ಗೆಡ್ಡೆಗೆಣಸುಗಳ ವೈವಿಧ್ಯವು ಜೋಯಿಡಾದ ಮೇಳಗಳಲ್ಲಿ ಜನರನ್ನು ಬೆರಗುಗೊಳಿಸುತ್ತದೆ. ಭೂಪಟದ ಮೇಲೆ ಹೊಸ ಹಸಿರು ಗೆರೆಯೊಂದು ಮೂಡಿದಾಗಲೆಲ್ಲ ತಮ್ಮ ಮನೆ, ಗದ್ದೆ, ದಾರಿಗಳ ಗತಿಯೇನೆಂದು ಇವರು ಅಂಜುವುದು ಸಹಜ. 2006ರ ಅರಣ್ಯ ಹಕ್ಕು ಕಾಯಿದೆಯು ಇವರ ಹಕ್ಕನ್ನು ಮಾನ್ಯ ಮಾಡಿದೆ. ಆನೆ ಯಾವ ದಾರಿಯಲ್ಲಿ ಬಂದಿತು, ಯಾವ ಹಳ್ಳ ಈ ವರ್ಷ ಮೊದಲು ಬತ್ತಿತು ಎಂಬುದು ಕಚೇರಿಗಿಂತ ಮೊದಲು ತಿಳಿಯುವುದು ಇವರಿಗೇ. ಇವರನ್ನು ಹೊರಗಿಟ್ಟು ಮಾಡಿದ ಯೋಜನೆಯು ಬೇರಿಲ್ಲದ ಮರದಂತೆ.

ಆದುದರಿಂದ ಆಗಬೇಕಾದ ಕೆಲಸವು ಅಸಾಧ್ಯವಾದುದೇನಲ್ಲ. ಎಲ್ಲ ಇಲಾಖೆಗಳ ಮುಂದೆಯೂ ಒಂದೇ ಭೂಪಟವಿರಬೇಕು. ಆನೆ ಹೊರಟ ಸುದ್ದಿಯು ಆನೆಗಿಂತ ಮೊದಲು ಮುಂದಿನ ಊರನ್ನು ಮುಟ್ಟಬೇಕು. ಜೋತುಬಿದ್ದ ವಿದ್ಯುತ್ ತಂತಿಯನ್ನು ಬಿಗಿಯುವುದು, ಅಣೆಕಟ್ಟಿನ ಬಾಗಿಲು ತೆರೆಯುವ ಮುನ್ನ ಎಚ್ಚರಿಸುವುದು, ಬೆಳೆಹಾನಿಯ ಪರಿಹಾರವನ್ನು ತಡವಿಲ್ಲದೆ ಕೊಡುವುದು ಇವೆಲ್ಲ ಬೇರೆ ಬೇರೆ ಕಚೇರಿಗಳ ಕೆಲಸವಾದರೂ ಒಂದೇ ಕಾಡಿನ ಸೇವೆ. ಒಬ್ಬ ಉತ್ಸಾಹಿ ಅಧಿಕಾರಿಯು ವರ್ಗವಾಗಿ ಹೋದೊಡನೆ ನಿಂತುಹೋಗುವ ಸಹಕಾರವು ಸಹಕಾರವಲ್ಲ; ಅದು ನಿತ್ಯದ ರೂಢಿಯಾಗಬೇಕು.

ಕೈಯ ಐದು ಬೆರಳುಗಳೂ ಸಮವಲ್ಲ; ಆದರೂ ತುತ್ತನ್ನು ಎತ್ತುವಾಗ ಐದೂ ಕೂಡುತ್ತವೆ. ಇಂದಿನ ವಿದ್ಯಾರ್ಥಿಗಳಲ್ಲಿ ನಾಳೆ ಕೆಲವರು ಅರಣ್ಯಾಧಿಕಾರಿಗಳಾಗಬಹುದು, ಕೆಲವರು ಇಂಜಿನಿಯರರಾಗಬಹುದು, ಕೆಲವರು ತಮ್ಮ ಹೊಲದಲ್ಲಿಯೇ ದುಡಿಯಬಹುದು. ಯಾವ ಕೆಲಸದಲ್ಲಿದ್ದರೂ ತಮ್ಮ ಗಡಿಕಲ್ಲಿನ ಆಚೆಗೆ ಏನಾಗುತ್ತಿದೆ ಎಂದು ಒಮ್ಮೆ ಇಣುಕಿ ನೋಡುವ ಅಭ್ಯಾಸವನ್ನು ಅವರು ಬೆಳೆಸಿಕೊಂಡರೆ, ಕಾಳಿಯ ನೀರೂ ದಾಂಡೇಲಿಯ ಕಾಡೂ ಮುಂದಿನವರಿಗೆ ಉಳಿದಾವು.