ಹಿನ್ನೀರಿನಾಚೆಯ ನೆಟ್‌ವರ್ಕ್

ಸಾಗರ ತಾಲ್ಲೂಕಿನ ಕರೂರು ಮತ್ತು ಬಾರಂಗಿ ಹೋಬಳಿಗಳು ಶರಾವತಿ ಹಿನ್ನೀರಿನ ಆಚೆ ದಡದಲ್ಲಿವೆ. ತುಮರಿ, ಬ್ಯಾಕೋಡು, ಕಟ್ಟಿನಕಾರು, ಕೋಗಾರು ಎಂದು ಸಾಗುವ ಈ ಸೀಮೆಗೆ ಒಂದು ಮಗ್ಗುಲಲ್ಲಿ ನೀರು, ಇನ್ನೊಂದು ಮಗ್ಗುಲಲ್ಲಿ ಘಟ್ಟದ ಅಂಚು. ಮಲೆನಾಡಿನ ಹಳ್ಳಿಗಳಿಗೆ ಮೊಬೈಲ್ ಸೇವೆ ಯಾಕೆ ಇಷ್ಟು ತಡವಾಗಿ, ಅದೂ ಅರೆಬರೆಯಾಗಿ ಬಂತು ಎಂಬುದಕ್ಕೆ ಉತ್ತರ ಇಲ್ಲಿನ ನೆಲದಲ್ಲೇ ಇದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು, ಗದ್ದೆ, ತೋಟ ನೀರಿನಡಿ ಸೇರಿದವು. ಹಲವು ಕುಟುಂಬಗಳು ಊರು ಬಿಟ್ಟು ಹೋದವು, ಉಳಿದವರಿಗೆ ತಾಲ್ಲೂಕು ಕೇಂದ್ರದ ದಾರಿಯೇ ತಪ್ಪಿತು. ಮುಂದಿನ ದಶಕಗಳಲ್ಲಿ ಹಿನ್ನೀರು ದಾಟಲು ಹೊಳೆಬಾಗಿಲಿನ ಲಾಂಚ್ ಹತ್ತಬೇಕಿತ್ತು, ಇಲ್ಲವೇ ಕಾರ್ಗಲ್ ಕಡೆಯಿಂದ ಸುತ್ತಿ ಬರಬೇಕಿತ್ತು. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಗಿ ಆ ಕಷ್ಟ ನೀಗಿತು. ರಸ್ತೆಯ ಕಥೆ ಅಲ್ಲಿಗೆ ಮುಗಿದರೂ ನೆಟ್‌ವರ್ಕಿನ ಕಥೆ ಬೇರೆ.

ಬಯಲುಸೀಮೆಯ ಊರಿನಲ್ಲಿ ಮನೆಗಳು ಒತ್ತೊತ್ತಾಗಿರುತ್ತವೆ. ಒಂದು ಟವರ್ ನಿಲ್ಲಿಸಿದರೆ ಇಡೀ ಊರಿಗೆ ಸಾಕು. ಮಲೆನಾಡಿನಲ್ಲಿ ಅಡಿಕೆ ತೋಟ ಇರುವುದು ಗುಡ್ಡಗಳ ನಡುವಿನ ತಗ್ಗಿನಲ್ಲಿ, ಮನೆ ಇರುವುದು ತೋಟದ ತಲೆಯಲ್ಲಿ. ಒಂದೊಂದು ಕಣಿವೆಗೆ ಒಂದೆರಡು ಮನೆ. ಗುಡ್ಡದ ನೆತ್ತಿಯ ಟವರಿನಿಂದ ಹೊರಟ ಅಲೆ ಆ ತಗ್ಗಿನ ಮೇಲಿಂದಲೇ ಹಾದುಹೋಗುತ್ತದೆ. ಮಳೆಗಾಲದಲ್ಲಿ ತೊಯ್ದ ಎಲೆ ಅದನ್ನು ಇನ್ನಷ್ಟು ಹೀರಿಕೊಳ್ಳುತ್ತದೆ. ಹೀಗಾಗಿ ಕಿಟಕಿಯ ಒಂದು ಮೂಲೆಯಲ್ಲಿ, ಅಂಗಳದ ಒಂದು ತುದಿಯಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್ ಬರುತ್ತದೆ, ಮೊಬೈಲ್‌ನ ಜಾಗವೂ ಅಲ್ಲಿಯೇ. ಕಂದಾಯ ಗ್ರಾಮಕ್ಕೆ ಸೇವೆ ಸಿಕ್ಕಿದೆ ಎಂದು ದಾಖಲೆ ಹೇಳಿದರೂ ಅದೇ ಗ್ರಾಮದ ಹತ್ತಾರು ಮನೆಗಳು ಹೊರಗೇ ಉಳಿದಿರಬಹುದು.

ಅಲೆಯ ಆಯ್ಕೆಯೂ ಇಲ್ಲಿ ಮುಖ್ಯ. 2100 ಮೆಗಾಹರ್ಟ್ಸ್‌ನ ಅಲೆಗಿಂತ 700 ಮೆಗಾಹರ್ಟ್ಸ್‌ನದು ಹೆಚ್ಚು ದೂರ ಸಾಗುತ್ತದೆ, ಮರಗಿಡಗಳ ನಡುವೆಯೂ ನುಸುಳುತ್ತದೆ. ಆದರೆ ಕೈಯಲ್ಲಿರುವ ಹಳೆಯ ಹ್ಯಾಂಡ್‌ಸೆಟ್ ಅದನ್ನು ಹಿಡಿಯದಿದ್ದರೆ ಪ್ರಯೋಜನವಿಲ್ಲ.

ಈ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಕರೆಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ಮರ ಬಿದ್ದು ವಿದ್ಯುತ್ ತಂತಿ ಹರಿಯುತ್ತಲೇ ಇರುತ್ತದೆ. ಕರೆಂಟು ಹೋದ ಮೇಲೆ ಟವರ್ ನಡೆಯುವುದು ಅದರ ಬುಡದ ಬ್ಯಾಟರಿಗಳ ಮೇಲೆ. ಬ್ಯಾಟರಿ ಹೊಸದಾಗಿದ್ದರೆ ಕೆಲವು ತಾಸು ತಾಳುತ್ತದೆ. ಹಳತಾಗಿದ್ದರೆ ಕರೆಂಟಿನ ಹಿಂದೆಯೇ ಸಿಗ್ನಲ್ಲೂ ಹೋಗುತ್ತದೆ. ಜನರೇಟರ್ ಇದ್ದಲ್ಲಿ ಡೀಸೆಲ್ ಬೇಕು. ಸೇತುವೆ ಇಲ್ಲದ ಕಾಲದಲ್ಲಿ ಆ ಡೀಸೆಲ್ಲಿಗೂ ಲಾಂಚ್ ಅಥವಾ ಸುತ್ತುದಾರಿಯೇ ಗತಿ. ಇದೇ ನದಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ನಾಡಿನ ಬೆಳಕಿಗಾಗಿ ನೆಲ ಕೊಟ್ಟವರ ಊರಿನಲ್ಲಿ ಕರೆಂಟಿಲ್ಲದೆ ಫೋನು ಸತ್ತುಹೋಗುವುದು ಅನ್ಯಾಯ. ಅದನ್ನು ಮಳೆಗಾಲದ ಮಾಮೂಲು ಎಂದು ತಳ್ಳಿಹಾಕುವಂತಿಲ್ಲ.

ಟವರನ್ನು ಜೀವಂತ ಇಡುವವರು ಲೈನ್‌ಮನ್‌ಗಳು ಮತ್ತು ಗುತ್ತಿಗೆಯ ಕೆಲಸಗಾರರು. ಟವರಿಗೆ ಹೊರಗಿನ ಜಗತ್ತಿನ ನಂಟು ಬೆಸೆಯುವುದು ಆಪ್ಟಿಕಲ್ ಫೈಬರ್ ಕೇಬಲ್ ಇಲ್ಲವೇ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಮುಖಮಾಡಿದ ಮೈಕ್ರೋವೇವ್ ತಟ್ಟೆ. ರಸ್ತೆ ಅಗಲಿಸುವ ಜೆಸಿಬಿ ಒಂದು ಕಡೆ ಕೇಬಲ್ ಕಿತ್ತರೆ ಮುಂದಿನ ಊರುಗಳೆಲ್ಲ ಮೌನ. ಎಲ್ಲಿ ತುಂಡಾಗಿದೆ ಎಂದು ಪತ್ತೆಹಚ್ಚಿ, ಮಣ್ಣು ಬಗೆದು, ಕೊಡೆಯಡಿಯಲ್ಲೋ ಪ್ಲಾಸ್ಟಿಕ್ ಹೊದಿಕೆಯಡಿಯಲ್ಲೋ ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಗಳನ್ನು ಬಣ್ಣ ನೋಡಿ ಹೊಂದಿಸಿ ಬೆಸೆಯಬೇಕು. ಎಳೆಯ ತುದಿಗೆ ಒಂದು ಹನಿ ನೀರು, ಒಂದು ಕಣ ಕೆಸರು ತಗಲಿದರೂ ಬೆಸುಗೆ ಕೆಡುತ್ತದೆ. ಉಂಬಳ ಹತ್ತುವ ಕಾಡಿನಲ್ಲಿ ನಡೆಯುವ ಈ ಸೂಕ್ಷ್ಮ ಕುಸುರಿ ಯಾವ ಯೋಜನೆಯ ಜಾಹೀರಾತಿನಲ್ಲೂ ಕಾಣುವುದಿಲ್ಲ. ಹೊಸ ಟವರಿಗೆ ಹಣ ಮಂಜೂರಾದಷ್ಟು ಸುಲಭವಾಗಿ ಇಂಥ ಕೈಗಳಿಗೆ ಸಂಬಳ ಮಂಜೂರಾಗಬೇಕು.

ಕೊರೊನಾ ಕಾಲದಲ್ಲಿ ಪಾಠಗಳು ಮೊಬೈಲಿಗೆ ಬಂದಾಗ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಕೂತರು. 2021ರಲ್ಲಿ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಭಿಯಾನ ಹಬ್ಬಿತು. ಮಕ್ಕಳ ಪಾಠ ಶಾಲೆಗೆ ಮರಳಿದರೂ ಬೇಡಿಕೆ ತಗ್ಗಲಿಲ್ಲ. ಪಡಿತರಕ್ಕೆ ಬೆರಳಚ್ಚು, ಬ್ಯಾಂಕಿಗೆ ಓಟಿಪಿ ಬೇಕಾದ ಕಾಲ ಇದು. 2023ರ ಜನವರಿಯಿಂದ ಉದ್ಯೋಗ ಖಾತ್ರಿಯ ಹಾಜರಿಯೂ ಮೊಬೈಲ್ ಆ್ಯಪ್‌ಗೆ ಹೋಯಿತು. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಮಾಡಿದ ಕೂಲಿಯನ್ನು ದಾಖಲಿಸುವುದೂ ಒಂದು ಕೂಲಿಯಾಯಿತು.

ಕಡಿಮೆ ಮನೆಗಳ ಕಣಿವೆಯಲ್ಲಿ ಟವರಿನ ಖರ್ಚು ಅದರ ಆದಾಯಕ್ಕಿಂತ ಹೆಚ್ಚು. ಲಾಭ ನೋಡುವ ಕಂಪನಿ ಅಲ್ಲಿಗೆ ತಾನಾಗಿ ಬರುವುದಿಲ್ಲ. ದೂರಸಂಪರ್ಕ ಕಂಪನಿಗಳ ಆದಾಯದ ಒಂದು ಪಾಲನ್ನು ಇಂಥ ಕಡೆ ಬಳಸಲೆಂದೇ ಸಾರ್ವತ್ರಿಕ ಸೇವಾ ನಿಧಿ ಇದೆ. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. 2022ರ ಜುಲೈನಲ್ಲಿ ಕೇಂದ್ರ ಸಂಪುಟ ಈ ಮೂಲದಿಂದ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿತು. ದೇಶದ 24,680 ಸಂಪರ್ಕರಹಿತ ಹಳ್ಳಿಗಳಿಗೆ 4ಜಿ ತಲುಪಿಸುವ ಹೊಣೆ ಬಿಎಸ್‌ಎನ್‌ಎಲ್‌ನದು. ಟವರ್ ನಿಲ್ಲಿಸುವ ಹಣದ ಜೊತೆ ಐದು ವರ್ಷ ನಡೆಸುವ ಖರ್ಚನ್ನೂ ಸೇರಿಸಿದ್ದು ವಿವೇಕದ ಕೆಲಸ. ಕಾಡಿನ ಜಾಗವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಶರಾವತಿ ಕಣಿವೆಯ ದೊಡ್ಡ ಭಾಗ ಅಭಯಾರಣ್ಯ. ಕಾಡನ್ನು ಕಾಯುವುದೂ ಬೇಕು. ಅರ್ಜಿಗೆ ಹೌದು ಅಥವಾ ಅಲ್ಲ ಎಂದು ಬೇಗ ಹೇಳುವುದೂ ಬೇಕು.

ಸೇವೆ ಅಗ್ಗವಾಗಿರುವುದೂ ಸಿಗ್ನಲ್ ಇರುವಷ್ಟೇ ಮುಖ್ಯ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಹಲವರು ಬಿಎಸ್‌ಎನ್‌ಎಲ್‌ಗೆ ನಂಬರ್ ಬದಲಿಸಿಕೊಂಡರು. ಆದರೆ ಹಳ್ಳಿಯವರಿಗೆ ಒಂದೇ ಸಿಮ್ ಸಾಲದು: ಮನೆಯಲ್ಲಿ ಒಂದು ಹಿಡಿದರೆ ಪೇಟೆಯಲ್ಲಿ ಇನ್ನೊಂದು. ಎರಡಕ್ಕೂ ಕರೆನ್ಸಿ ಹಾಕಿಸಬೇಕು. ಟವರ್ ಕೆಟ್ಟು ಕೂತ ದಿನಗಳೂ ರೀಚಾರ್ಜಿನ 28 ದಿನದ ಲೆಕ್ಕಕ್ಕೇ ಸೇರುತ್ತವೆ. ಮಾತಿಗಷ್ಟೇ ಫೋನು ಬಳಸುವವರಿಗೆ ಡೇಟಾ ಇಲ್ಲದ ಪ್ರತ್ಯೇಕ ರೀಚಾರ್ಜ್ ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಕೂಲಿ ನಂಬಿದ ಮನೆಗಳಿಗೆ ಹೆಚ್ಚು ಬೇಕಾದದ್ದು ಅದೇ.

ಅನುಕೂಲಸ್ಥರು ಬೇರೆ ದಾರಿ ಕಂಡುಕೊಂಡಿದ್ದಾರೆ. ಫೈಬರ್ ಸಂಪರ್ಕ ಹಾಕಿಸಿ, ವೈಫೈ ಮೂಲಕವೇ ಕರೆ ಮಾಡುತ್ತಾರೆ. ತೋಟದಲ್ಲಿ ಕೊನೆ ಇಳಿಸುವವರಿಗೆ, ದನ ಹುಡುಕಿ ಕಾಡಿಗೆ ಹೋದವರಿಗೆ, ದಾರಿಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡವರಿಗೆ ಆ ವೈಫೈ ಸಿಗುವುದಿಲ್ಲ. ಅವರಿಗೆ ಟವರೇ ಬೇಕು.