ಬರೆದಿಡದ ನಗೆ

ಹಾಸ್ಯನಟರೆಂದರೆ ಮಾತಿಗೆ ಮಾತು ಹೊಸೆಯಬಲ್ಲ ಚತುರರೆಂಬುದು ನಮ್ಮಲ್ಲಿ ಬಹುಮಂದಿಯ ಎಣಿಕೆ. ನಾಲಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿದ್ದವನೇ ಜನರನ್ನು ನಗಿಸಬಲ್ಲನು, ಆ ವರವಿಲ್ಲದವರು ಕುಳಿತು ನಗಬಹುದು, ಅಷ್ಟೆ ಎಂದು ನಾವು ತಿಳಿದಿದ್ದೇವೆ. ಕಳೆದ ಶತಮಾನದ ನಡುಗಾಲದಲ್ಲಿ ಅಮೆರಿಕದ ಚಿಕಾಗೋ ನಗರದಲ್ಲಿ ಬೆಳೆದ ಒಂದು ಹಾಸ್ಯಪರಂಪರೆ ಈ ಎಣಿಕೆಯನ್ನು ತಲೆಕೆಳಗು ಮಾಡಿತು. ಅಲ್ಲಿನ ನಟರ ಕೈಯಲ್ಲಿ ಬರೆದ ನಾಟಕವಿರಲಿಲ್ಲ. ಕಂಠಪಾಠ ಮಾಡಿದ ಮಾತಿರಲಿಲ್ಲ. ರಂಗದ ಮೇಲೆ ಕಾಲಿಟ್ಟ ಮೇಲೆ ಮುಂದಿನ ಗಳಿಗೆಯಲ್ಲಿ ಏನಾಗುವುದೆಂಬುದು ಅವರಿಗೇ ತಿಳಿದಿರುತ್ತಿರಲಿಲ್ಲ. ಇಂಥ ಭರವಸೆಯಿಲ್ಲದ ಕಲೆಯನ್ನು ನಂಬಿ ಇಬ್ಬರು ಬಡ ತರುಣರು ಬದುಕು ಕಟ್ಟಿಕೊಂಡರು. ಅವರ ಕೈಹಿಡಿದು ನಡೆಸಿದ್ದು ಸಿದ್ಧ ಉತ್ತರವಲ್ಲ, ಎದುರಿಗಿರುವವರ ವಿಷಯದಲ್ಲಿ ಎಂದಿಗೂ ತೀರದ ಕುತೂಹಲ.

ಆಟದಿಂದ ಹುಟ್ಟಿದ ಪಾಠ

ಈ ಕಲೆಯ ಬೇರನ್ನು ಅರಸುತ್ತ ಹೋದವರಿಗೆ ಸಿಗುವುದು ನಾಟಕಶಾಲೆಯಲ್ಲ, ಮಕ್ಕಳ ಆಟದ ಅಂಗಳ. ೧೮೮೯ರಲ್ಲಿ ಚಿಕಾಗೋದಲ್ಲಿ ಆರಂಭವಾದ ಹಲ್ ಹೌಸ್ ಎಂಬ ಸೇವಾಕೇಂದ್ರವು ಹೊರದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದ ಬಡ ಕುಟುಂಬಗಳಿಗೆ ಆಸರೆಯಾಗಿತ್ತು. ಆಟಗಳ ಮೂಲಕ ಮಕ್ಕಳನ್ನು ತಿದ್ದಿ ಬೆಳೆಸುವ ವಿದ್ಯೆಯನ್ನು ನೀವಾ ಬಾಯ್ಡ್ ಎಂಬವರು ಅಲ್ಲಿ ಬೋಧಿಸುತ್ತಿದ್ದರು. ಅವರ ಶಿಷ್ಯೆ ವಯೋಲಾ ಸ್ಪೋಲಿನ್. ೧೯೦೬ರಲ್ಲಿ ಹುಟ್ಟಿ ೧೯೯೪ರವರೆಗೆ ಬಾಳಿದ ಈಕೆ, ೧೯೩೦ರ ದಶಕದ ಆರ್ಥಿಕ ಮುಗ್ಗಟ್ಟಿನ ಕೊನೆಯಲ್ಲಿ ಸರಕಾರದ ಉದ್ಯೋಗ ಯೋಜನೆಯೊಂದರಲ್ಲಿ ಮಕ್ಕಳಿಗೂ ದೊಡ್ಡವರಿಗೂ ನಾಟಕ ಕಲಿಸುವ ಕೆಲಸಕ್ಕೆ ಸೇರಿದರು.

ಎದುರಿಗೆ ನಿಂತವರು ಬೇರೆ ಬೇರೆ ಭಾಷೆಯ ಮಕ್ಕಳು. ಅವರಿಗೆ ಅಭಿನಯಶಾಸ್ತ್ರವನ್ನು ಉಪನ್ಯಾಸದಿಂದ ತಿಳಿಸುವುದು ಆಗದ ಮಾತು. ಸ್ಪೋಲಿನ್ ಉಪನ್ಯಾಸವನ್ನು ಬದಿಗಿಟ್ಟು ಆಟಗಳನ್ನು ಕಟ್ಟಿದರು. ಒಂದು ಆಟದಲ್ಲಿ ಇಬ್ಬರು ಎದುರುಬದುರಾಗಿ ನಿಲ್ಲಬೇಕು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕನ್ನಡಿಯ ಬಿಂಬದಂತೆ ಆ ಕ್ಷಣದಲ್ಲಿಯೇ ಮಾಡಬೇಕು. ಇನ್ನೊಂದರಲ್ಲಿ ಯಾವ ಭಾಷೆಗೂ ಸೇರದ ಅರ್ಥಹೀನ ಶಬ್ದಗಳಿಂದಲೇ ಒಬ್ಬರಿಗೊಬ್ಬರು ಮನಸ್ಸಿನ ಮಾತನ್ನು ತಿಳಿಸಬೇಕು. ಇಂಥ ಆಟದಲ್ಲಿ ಚತುರೋಕ್ತಿಗೆ ಎಡೆಯೆಲ್ಲಿ? ತನ್ನನ್ನು ಮರೆತು ಎದುರಾಳಿಯ ಕಣ್ಣು, ಕೈ, ಉಸಿರುಗಳನ್ನು ಗಮನಿಸಿದವನು ಗೆಲ್ಲುತ್ತಾನೆ. ತಾನು ಹೇಗೆ ಕಾಣುತ್ತಿರುವೆನೆಂದು ಚಿಂತಿಸಿದವನು ತಪ್ಪುತ್ತಾನೆ. ಈ ಆಟಗಳನ್ನೆಲ್ಲ ಕೂಡಿಸಿ ಸ್ಪೋಲಿನ್ ೧೯೬೩ರಲ್ಲಿ ಹೊರತಂದ ‘ಇಂಪ್ರೊವೈಸೇಷನ್ ಫಾರ್ ದ ಥಿಯೇಟರ್’ ಎಂಬ ಗ್ರಂಥವು ಆಶುನಾಟಕದ ಅಭ್ಯಾಸಿಗಳಿಗೆ ಇಂದಿಗೂ ಮೊದಲ ಪಾಠಪುಸ್ತಕ.

ತಾಯಿಯ ಆಟಗಳನ್ನು ಮಗ ರಂಗಕ್ಕೆ ತಂದನು. ಆತ ಪಾಲ್ ಸಿಲ್ಸ್. ಡೇವಿಡ್ ಶೆಫರ್ಡ್ ಎಂಬ ಗೆಳೆಯನೊಡನೆ ಸೇರಿ ಸಿಲ್ಸ್ ೧೯೫೫ರ ಜುಲೈ ೫ರಂದು ಚಿಕಾಗೋ ವಿಶ್ವವಿದ್ಯಾಲಯದ ನೆರೆಯಲ್ಲಿ ‘ಕಂಪಾಸ್’ ಎಂಬ ತಂಡವನ್ನು ತೆರೆದರು. ರಂಗಮಂದಿರವೆಂದರೆ ಒಂದು ಮದ್ಯದಂಗಡಿಯ ಹಿಂಬದಿಯ ಕೋಣೆ. ನಟರಿಗೆ ಕಥೆಯ ಹಂದರ ಮಾತ್ರ ಗೊತ್ತು. ಮಾತುಗಳನ್ನು ಆಗಿಂದಾಗಲೇ ಹುಟ್ಟಿಸಬೇಕು. ಆ ದಿನದ ವೃತ್ತಪತ್ರಿಕೆಯ ಸುದ್ದಿಯನ್ನೇ ಅಭಿನಯಿಸಿ ತೋರಿಸುವುದೂ ಉಂಟು. ಅವಧಾನಿಯ ಮುಂದೆ ಪೃಚ್ಛಕರು ಸಮಸ್ಯೆಯೊಡ್ಡುವಂತೆ ಪ್ರೇಕ್ಷಕರು ಕೂಗಿ ಹೇಳಿದ ವಸ್ತುವಿನ ಮೇಲೆ ದೃಶ್ಯ ಕಟ್ಟುವುದೂ ಉಂಟು.

ರೈಲು ನಿಲ್ದಾಣದ ಗೂಢಚಾರರು

ಈ ಕೋಣೆಗೆ ಬಂದು ಸೇರಿದವರಲ್ಲಿ ಮೈಕ್ ನಿಕೋಲ್ಸ್ ಒಬ್ಬರು. ೧೯೩೧ರಲ್ಲಿ ಬರ್ಲಿನ್ನಿನಲ್ಲಿ ಯೆಹೂದಿ ವೈದ್ಯರೊಬ್ಬರ ಮಗನಾಗಿ ಹುಟ್ಟಿದ ಈತ, ನಾಟ್ಸಿಗಳ ಹಿಂಸೆಯಿಂದ ತಪ್ಪಿಸಿಕೊಂಡು ೧೯೩೯ರಲ್ಲಿ ಎಳೆಯ ತಮ್ಮನೊಡನೆ ಹಡಗಿನಲ್ಲಿ ಅಮೆರಿಕಕ್ಕೆ ಬಂದಿಳಿದಾಗ ಏಳು ವರ್ಷದ ಬಾಲಕ. ಆಗ ಬಾಲಕನಿಗೆ ಬರುತ್ತಿದ್ದುದು ಎರಡೇ ಇಂಗ್ಲಿಷ್ ವಾಕ್ಯಗಳು. ತನಗೆ ಇಂಗ್ಲಿಷ್ ಬಾರದೆಂಬುದು ಒಂದು. ದಯವಿಟ್ಟು ಮುತ್ತಿಡಬೇಡಿರೆಂಬುದು ಇನ್ನೊಂದು. ನಾಲ್ಕನೆಯ ವಯಸ್ಸಿನಲ್ಲಿಯೇ ತಲೆಗೂದಲೆಲ್ಲ ಉದುರಿಹೋಗಿತ್ತು. ಬಂದ ಕೆಲವೇ ವರ್ಷಗಳಲ್ಲಿ ತಂದೆಯೂ ತೀರಿಕೊಂಡು ಸಂಸಾರಕ್ಕೆ ಬಡತನ ಮುತ್ತಿತು. ಭಾಷೆಯಿಲ್ಲದ, ರೂಪದಿಂದಲೂ ಬೇರೆಯಾಗಿದ್ದ ಹುಡುಗನಿಗೆ ಉಳಿದದ್ದೊಂದೇ ದಾರಿ. ಈ ಜನರು ಹೇಗೆ ಮಾತಾಡುತ್ತಾರೆ, ಹೇಗೆ ನಗುತ್ತಾರೆ, ಹೇಳುವುದೊಂದು ಅನಿಸುವುದೊಂದು ಎಂಬುದು ಎಲ್ಲಿ ಬಯಲಾಗುತ್ತದೆ ಎಂದು ಕಿವಿಗೊಟ್ಟು ಕೇಳುವುದು. ಬದುಕಿಕೊಳ್ಳುವುದಕ್ಕಾಗಿ ಕಲಿತ ಈ ವಿದ್ಯೆ ಮುಂದೆ ಜೀವನೋಪಾಯವೇ ಆಯಿತು.

ಇನ್ನೊಬ್ಬರು ಎಲೇನ್ ಮೇ. ೧೯೩೨ರಲ್ಲಿ ಹುಟ್ಟಿದ ಈಕೆಯ ತಂದೆ ಯಿಡ್ಡಿಷ್ ರಂಗಭೂಮಿಯ ನಟ. ತಂದೆಯ ತಂಡದೊಡನೆ ಊರೂರು ಅಲೆದ ಹುಡುಗಿ ಹದಿನಾಲ್ಕನೆಯ ವಯಸ್ಸಿಗೆ ಶಾಲೆಗೆ ಶರಣು ಹೊಡೆದಳು. ಹದಿಹರೆಯದಲ್ಲೇ ಮದುವೆ, ಒಂದು ಹೆಣ್ಣುಮಗು. ಶಾಲೆ ತಪ್ಪಿದರೂ ಜ್ಞಾನದ ಹಸಿವು ತಪ್ಪಲಿಲ್ಲ. ಚಿಕಾಗೋಗೆ ಬಂದು, ವಿಶ್ವವಿದ್ಯಾಲಯದಲ್ಲಿ ಹೆಸರನ್ನೇ ನೋಂದಾಯಿಸದೆ ತರಗತಿಗಳಲ್ಲಿ ಕುಳಿತು ಪಾಠ ಕೇಳುತ್ತಿದ್ದರು. ಪದವಿಗಾಗಿ ಅಲ್ಲ, ತಿಳಿಯಬೇಕೆಂಬ ಆಸೆಗಾಗಿ.

ಇವರೀರ್ವರ ಸ್ನೇಹ ಬೆಳೆದದ್ದು ಚಿಕಾಗೋದ ಒಂದು ರೈಲು ನಿಲ್ದಾಣದಲ್ಲಿ. ಬೆಂಚಿನ ಮೇಲೆ ಕುಳಿತಿದ್ದ ಮೇ ಅವರನ್ನು ಕಂಡ ನಿಕೋಲ್ಸ್, ಹೊರದೇಶದ ಗೂಢಚಾರನ ಉಚ್ಚಾರದಲ್ಲಿ ಪಕ್ಕದಲ್ಲಿ ಕೂರಬಹುದೇ ಎಂದು ಕೇಳಿದರು. ಆಕೆ ಬೆಚ್ಚಲಿಲ್ಲ, ನಗಲೂ ಇಲ್ಲ; ಅದೇ ಉಚ್ಚಾರದಲ್ಲಿ, ತಾನೂ ಗೂಢಚಾರಿಣಿಯೆಂಬಂತೆ ಉತ್ತರವಿತ್ತರು. ನೋಡುವವರಿಲ್ಲದ ಆ ನಾಟಕ ಅಲ್ಲಿಂದ ಮುಂದುವರಿಯಿತು. ಜೊತೆಗಾರರು ದೊರೆತರೆಂದು ಇಬ್ಬರಿಗೂ ತಿಳಿಯಿತು.

ಅಡುಗೆಮನೆಯ ನಿಯಮಗಳು

ಆಶುನಾಟಕವೆಂದರೆ ಮನಸ್ಸಿಗೆ ಬಂದುದನ್ನು ಒದರುವುದಲ್ಲ. ೧೯೫೭ರಲ್ಲಿ ಸೇಂಟ್ ಲೂಯಿ ನಗರದಲ್ಲಿದ್ದಾಗ ಎಲೇನ್ ಮೇ ಹಾಗೂ ನಿರ್ದೇಶಕ ಥಿಯೊಡೋರ್ ಫ್ಲಿಕರ್ ಅಡುಗೆಮನೆಯಲ್ಲಿ ಕುಳಿತು, ದೃಶ್ಯವೊಂದು ಏಕೆ ನಿಲ್ಲುತ್ತದೆ, ಇನ್ನೊಂದು ಏಕೆ ಬೀಳುತ್ತದೆ ಎಂದು ಶೋಧಿಸಿ ಕೆಲವು ನಿಯಮಗಳನ್ನು ಕಂಡುಕೊಂಡರು. ಅವುಗಳಲ್ಲಿ ಮುಖ್ಯವಾದುದು, ಜೊತೆಗಾರನು ಹೇಳಿದುದನ್ನು ಅಲ್ಲಗಳೆಯಬಾರದು ಎಂಬುದು.

ಇದನ್ನೊಂದು ಉದಾಹರಣೆಯಿಂದ ನೋಡೋಣ. ಒಬ್ಬ ನಟನು, “ಡಾಕ್ಟರೇ, ನನ್ನ ತಲೆಯ ಮೇಲೆ ಮಾವಿನ ಗಿಡ ಹುಟ್ಟಿದೆ” ಎಂದು ಬರುತ್ತಾನೆನ್ನಿ. “ನಾನು ಡಾಕ್ಟರನಲ್ಲ, ನಿಮ್ಮ ತಲೆಯ ಮೇಲೆ ಏನೂ ಇಲ್ಲ” ಎಂದು ಇನ್ನೊಬ್ಬನು ಜಾಣತನ ತೋರಿದರೆ ಪ್ರೇಕ್ಷಕರು ಒಮ್ಮೆ ನಗಬಹುದು; ಕಥೆ ಮಾತ್ರ ಅಲ್ಲಿಗೇ ಮುಗಿಯಿತು. “ಹೌದು, ಚಿಗುರು ಚೆನ್ನಾಗಿದೆ. ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತೀರಿ?” ಎಂದು ಕೇಳಿದನೋ, ಬಾಗಿಲು ತೆರೆಯಿತು. ಮೊದಲನೆಯವನದು ಗೆಲ್ಲುವ ಆತುರ; ಎರಡನೆಯವನದು ತಿಳಿಯುವ ಆಸಕ್ತಿ. ಹಾಸ್ಯ ಬೆಳೆಯುವುದು ಎರಡನೆಯ ನೆಲದಲ್ಲಿ.

ತಾಯಿಯ ಟೆಲಿಫೋನು

೧೯೫೭ರಲ್ಲಿ ಜೋಡಿ ನ್ಯೂಯಾರ್ಕಿಗೆ ಹೋಯಿತು. ಅಲ್ಲಿನ ಸಣ್ಣ ರಂಜನಾಗೃಹಗಳಲ್ಲಿ ಹೆಸರು ಮಾಡಿ, ೧೯೫೮ರ ಜನವರಿಯಲ್ಲಿ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡ ಬಳಿಕ ದೇಶಕ್ಕೆಲ್ಲ ಪರಿಚಿತವಾಯಿತು.

ಇವರ ವಸ್ತುಗಳು ಎಲ್ಲಿಂದ ಬಂದವು? ಕಿವಿಗೆ ಬಿದ್ದ ಮಾತಿನಿಂದ. ಬಹಳ ದಿನ ಸುದ್ದಿ ಕಳಿಸದ ಮಗನಿಗೆ ನಿಕೋಲ್ಸ್ ಅವರ ತಾಯಿ ಒಮ್ಮೆ ಟೆಲಿಫೋನು ಮಾಡಿ, ನಾನು ನಿನ್ನ ತಾಯಿ, ನೆನಪಿದೆಯೇ ಎಂದು ಕೇಳಿದರಂತೆ. ನಿಕೋಲ್ಸ್ ಇದನ್ನು ಮೇ ಅವರಿಗೆ ಹೇಳಿದರು. ಅಂದಿನ ರಾತ್ರಿಯೇ ಅದು ರಂಗವೇರಿತು. ದೃಶ್ಯದಲ್ಲಿ ಮಗನು ರಾಕೆಟ್ ಹಾರಿಸುವ ವಿಜ್ಞಾನಿ. ಆ ಅವಸರದಲ್ಲಿ ತಾಯಿಗೆ ಫೋನು ಮಾಡಲಿಲ್ಲ. ತಾಯಿ ಬೈಯುವುದಿಲ್ಲ, ನೊಂದುಕೊಳ್ಳುತ್ತಾಳೆ. ಆ ನೋವಿನ ಒಂದೊಂದು ಪೆಟ್ಟಿಗೂ ವಿಜ್ಞಾನಿ ಕಿರಿದಾಗುತ್ತ ಹೋಗಿ, ಕೊನೆಗೆ ತೊದಲುನುಡಿಯ ಕೂಸಾಗಿಬಿಡುತ್ತಾನೆ. ನಗುತ್ತ ಕುಳಿತ ಪ್ರೇಕ್ಷಕರಿಗೆ ತಮ್ಮ ತಮ್ಮ ತಾಯಂದಿರ ನೆನಪಾಗದೆ ಇರುತ್ತಿರಲಿಲ್ಲ. ಇಲ್ಲಿ ಕಟ್ಟಿದ ಚಟಾಕಿ ಒಂದೂ ಇಲ್ಲ. ಮನುಷ್ಯರು ಹೀಗೇಕೆ ಆಡುತ್ತಾರೆಂಬ ವಿಸ್ಮಯವಿದೆ.

೧೯೬೦ರ ಅಕ್ಟೋಬರ್ ೮ರಂದು ಬ್ರಾಡ್‌ವೇಯ ಜಾನ್ ಗೋಲ್ಡನ್ ರಂಗಮಂದಿರದಲ್ಲಿ ಇವರಿಬ್ಬರದೇ ಕಾರ್ಯಕ್ರಮ ಆರಂಭವಾಗಿ ೩೦೬ ಪ್ರದರ್ಶನಗಳನ್ನು ಕಂಡಿತು. ಪ್ರೇಕ್ಷಕರಿಂದ ಒಂದು ಮೊದಲ ವಾಕ್ಯ, ಒಂದು ಕೊನೆಯ ವಾಕ್ಯ, ಒಬ್ಬ ಸಾಹಿತಿಯ ಶೈಲಿ ಇಷ್ಟನ್ನು ಕೇಳಿ ಪಡೆದು ಸ್ಥಳದಲ್ಲೇ ದೃಶ್ಯ ಕಟ್ಟುವುದು ಆ ಕಾರ್ಯಕ್ರಮದ ದೊಡ್ಡ ಆಕರ್ಷಣೆಯಾಗಿತ್ತು. ಅದರ ಧ್ವನಿಮುದ್ರಿಕೆಗೆ ೧೯೬೨ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂದಿತು.

ಯಶಸ್ಸಿನ ತೊಡಕು

ಒಮ್ಮೆ ಆಡಿದ ಮಾತು ಮತ್ತೆ ಬಾರದ ಕಲೆಯಿಂದ ಸಂಸಾರ ನಡೆಸುವುದು ಹೇಗೆ? ಚಿಕಾಗೋದಲ್ಲಿ ಉಳಿದವರು ಇದಕ್ಕೊಂದು ಉಪಾಯ ಕಂಡುಕೊಂಡರು. ಸಿಲ್ಸ್, ಬರ್ನಾರ್ಡ್ ಸಾಲಿನ್ಸ್, ಹೊವರ್ಡ್ ಆಲ್ಕ್ ಸೇರಿ ೧೯೫೯ರ ಡಿಸೆಂಬರ್ ೧೬ರಂದು ಹಳೆಯ ಬಟ್ಟೆ ಒಗೆಯುವ ಅಂಗಡಿಯೊಂದನ್ನು ಮಾರ್ಪಡಿಸಿ ‘ಸೆಕೆಂಡ್ ಸಿಟಿ’ ರಂಗಮಂದಿರವನ್ನು ತೆರೆದರು. ಅಲ್ಲಿ ಮೊದಲು ಸಿದ್ಧಪಡಿಸಿದ ದೃಶ್ಯಗಳ ಪ್ರದರ್ಶನ. ಅದು ಮುಗಿದ ಮೇಲೆ ಪ್ರೇಕ್ಷಕರ ಸೂಚನೆಗಳ ಮೇಲೆ ಆಶುದೃಶ್ಯಗಳು. ಅವುಗಳಲ್ಲಿ ಜೀವವುಳ್ಳವನ್ನು ಆರಿಸಿ ತಿದ್ದಿ ಮುಂದಿನ ಪ್ರದರ್ಶನಕ್ಕೆ ಸೇರಿಸುವುದು. ಅನ್ನ ಕೊಡುವುದು ಹಳೆಯ ದೃಶ್ಯ, ಆಯುಸ್ಸು ಕೊಡುವುದು ಹೊಸತು. ಈ ಪದ್ಧತಿಯಲ್ಲಿ ಪಳಗಿದವರು ಅನೇಕರು. ೧೯೯೨ರಲ್ಲಿ ಚಿಕಾಗೋಗೆ ಬಂದು, ಹಗಲು ವೈ.ಎಂ.ಸಿ.ಎ. ಕಟ್ಟಡವೊಂದರ ಸ್ವಾಗತಮೇಜಿನಲ್ಲಿ ದುಡಿಯುತ್ತ ಆಶುನಾಟಕ ಕಲಿತ ಟೀನಾ ಫೇ, ೧೯೯೯ರಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಪ್ರಸಿದ್ಧ ಟೆಲಿವಿಷನ್ ಕಾರ್ಯಕ್ರಮದ ಮೊದಲ ಮಹಿಳಾ ಪ್ರಧಾನ ಲೇಖಕಿಯಾದರು.

ನಿಕೋಲ್ಸ್ ಮತ್ತು ಮೇ ಅವರಿಗೆ ಈ ಅನುಕೂಲವಿರಲಿಲ್ಲ. ಬ್ರಾಡ್‌ವೇಯ ಪ್ರೇಕ್ಷಕರು ಹಣ ತೆತ್ತು ಬಂದದ್ದು ಹೆಸರಾದ ದೃಶ್ಯಗಳನ್ನೇ ನೋಡಲು. ರಾತ್ರಿಯ ಮೇಲೆ ರಾತ್ರಿ ಅದೇ ತಾಯಿ, ಅದೇ ಮಗ, ಅದೇ ನಗೆ. ಗೆದ್ದುದನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂಬುದು ನಿಕೋಲ್ಸ್ ಅವರ ಒಲವು. ಹೊಸತನ್ನು ಹುಡುಕಬೇಕೆಂಬುದು ಮೇ ಅವರ ಹಟ. ಮಂದಿರ ತುಂಬುತ್ತಿದ್ದಾಗಲೇ, ೧೯೬೧ರಲ್ಲಿ, ಕಾರ್ಯಕ್ರಮ ನಿಂತಿತು. ಮರುವರ್ಷ ಮೇ ಬರೆದು ನಿಕೋಲ್ಸ್ ನಟಿಸಿದ ನಾಟಕವೊಂದು ಫಿಲಡೆಲ್ಫಿಯಾದಲ್ಲಿ ಬಿದ್ದುಹೋಗಿ, ಸ್ನೇಹಕ್ಕೂ ಬಿರುಕು ಬಿತ್ತು. ಮೂವತ್ತರ ವಯಸ್ಸಿನಲ್ಲಿ, ಕೀರ್ತಿಯ ತುದಿಯಲ್ಲಿ, ಇಬ್ಬರೂ ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು.

ಮತ್ತೆ ಅದೇ ರಂಗ

ಆರಂಭಿಸಿದರು. ಕೇಳುವ ಕಿವಿಯನ್ನೇ ಬಂಡವಾಳವಾಗಿಸಿಕೊಂಡು ನಿಕೋಲ್ಸ್ ನಿರ್ದೇಶಕರಾದರು. ೧೯೬೩ರಲ್ಲಿ ಬ್ರಾಡ್‌ವೇ ನಾಟಕ. ೧೯೬೭ರಲ್ಲಿ ‘ದಿ ಗ್ರ್ಯಾಜುಯೇಟ್’ ಚಲನಚಿತ್ರ, ಅದಕ್ಕೆ ಶ್ರೇಷ್ಠ ನಿರ್ದೇಶಕನೆಂದು ಆಸ್ಕರ್ ಪ್ರಶಸ್ತಿ. ಮೇ ಚಿತ್ರಕಥೆ ಬರೆದರು, ೧೯೭೧ರಿಂದ ತಾವೇ ಚಿತ್ರಗಳನ್ನು ನಿರ್ದೇಶಿಸಿದರು. ೧೯೮೭ರಲ್ಲಿ ಅವರ ‘ಇಷ್ಟಾರ್’ ಚಿತ್ರವು ದೊಡ್ಡ ಸೋಲನ್ನುಂಡಿತು. ಅನಂತರ ಅವರ ಕೈಗೆ ಬೇರೊಂದು ಕಥಾಚಿತ್ರದ ನಿರ್ದೇಶನ ಬರಲಿಲ್ಲ. ಆದರೂ ಲೇಖನಿ ನಿಲ್ಲಲಿಲ್ಲ. ೧೯೯೬ರ ‘ದಿ ಬರ್ಡ್‌ಕೇಜ್’ ಚಿತ್ರಕ್ಕೆ ಮೇ ಅವರ ಬರವಣಿಗೆ, ನಿಕೋಲ್ಸ್ ಅವರ ನಿರ್ದೇಶನ. ಹಳೆಯ ಬಿರುಕು ಅಷ್ಟರಲ್ಲಿ ಮುಚ್ಚಿಹೋಗಿತ್ತು.

೨೦೧೪ರಲ್ಲಿ ನಿಕೋಲ್ಸ್ ತೀರಿಕೊಂಡರು. ಗೆಳೆಯನನ್ನು ಕುರಿತು ೨೦೧೬ರಲ್ಲಿ ಹೊರಬಂದ ಸಾಕ್ಷ್ಯಚಿತ್ರವನ್ನು ನಿರ್ದೇಶಿಸಿದವರು ಎಲೇನ್ ಮೇ.

೨೦೧೮ರಲ್ಲಿ ಮೇ ಮತ್ತೆ ರಂಗವೇರಿದರು. ಅದೇ ಜಾನ್ ಗೋಲ್ಡನ್ ರಂಗಮಂದಿರ; ನಡುವೆ ಐವತ್ತೆಂಟು ವರ್ಷಗಳ ಅಂತರ. ಈ ಸಲ ಕೆನೆತ್ ಲಾನರ್ಗನ್ ಬರೆದ ‘ದಿ ವೇವರ್ಲಿ ಗ್ಯಾಲರಿ’ ನಾಟಕ. ಮೇ ವಹಿಸಿದ್ದು ನೆನಪು ಅಳಿಯುತ್ತಿರುವ ವೃದ್ಧೆಯ ಪಾತ್ರ. ಸುತ್ತಲಿನವರು ದಣಿದರೂ ಆ ಮುದುಕಿ ದಣಿಯಳು. ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳುತ್ತಾಳೆ. ಪ್ರತಿಸಲವೂ ಅವಳಿಗೆ ಅದು ಹೊಸ ಪ್ರಶ್ನೆಯೇ. ಆ ಪಾತ್ರಕ್ಕಾಗಿ ೨೦೧೯ರಲ್ಲಿ ಮೇ ಅವರಿಗೆ ಶ್ರೇಷ್ಠ ನಟಿಯೆಂದು ಟೋನಿ ಪ್ರಶಸ್ತಿ ಸಂದಿತು. ಆಗ ಅವರ ವಯಸ್ಸು ಎಂಬತ್ತೇಳು.